ಚಿಕ್ಕ ಮೇಡಂ ಕೈ ಎತ್ತಿದರು

ಕಳೆದ ಭಾನುವಾರ ನಾನು ಒಂದು ಅಂಗಡಿ ಮುಚ್ಚಿಸಿದೆ. ಗಲಾಟೆ ಮಾಡಿ ಅಲ್ಲ, ದೂರು ಕೊಟ್ಟೂ ಅಲ್ಲ. ಕುರ್ಚಿಯಿಂದ ಎದ್ದು, ಕೈ ಎತ್ತಿ, ಗಂಟಲು ಸರಿಮಾಡಿಕೊಂಡು ಮುಚ್ಚಿಸಿದೆ. ಜನ ಚಪ್ಪಾಳೆಯನ್ನೂ ತಟ್ಟಿದರು.

ತಮಾಷೆ ಏನೆಂದರೆ, ನಾನು ಆ ಸಭೆಗೆ ಹೋಗಿದ್ದೇ ಅಂಗಡಿ ಮುಚ್ಚಬೇಡಿ ಎಂದು ಹೇಳುವುದಕ್ಕೆ.

ಮೊದಲಿನಿಂದ ಹೇಳುತ್ತೇನೆ. ಚಾಮರಾಜಪೇಟೆಯ ನಮ್ಮ ಕ್ರಾಸ್‌ನಲ್ಲಿ ಒಂದು ಗ್ರಾಹಕರ ಸಹಕಾರ ಸಂಘವಿದೆ. (ಹೆಸರು ಬೇಡ. ನಮ್ಮ ಅಧ್ಯಕ್ಷರಿಗೆ ಪೇಪರಿನಲ್ಲಿ ಹೆಸರು ಬರುವುದು ಇಷ್ಟ, ಆದರೆ ಈ ಥರ ಅಲ್ಲ.) ಮೇಲೆ ಸಭೆ ನಡೆಯುವ ಹಾಲ್, ಕೆಳಗೆ ದಿನಸಿ ಅಂಗಡಿ. ತರಗುಪೇಟೆಯ ಸಗಟು ಅಂಗಡಿಗಳಿಂದ ಮೂಟೆಯಲ್ಲಿ ಬರುವ ಬೇಳೆ, ಅಕ್ಕಿ, ಬೆಲ್ಲ. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ದರ. ಕೌಂಟರ್ ಹಿಂದೆ ರುದ್ರೇಶ್. ಅವರದು ಅಜ್ಜನ ಕಾಲದಿಂದ ಪೇಟೆಯಲ್ಲಿ ವ್ಯಾಪಾರ ಮಾಡಿದ ಮನೆತನ. ಇವರು ಮಾತ್ರ ಸ್ವಂತ ಅಂಗಡಿ ಬಿಟ್ಟು ಸಂಘದ ಸಂಬಳಕ್ಕೆ ಬಂದವರು. "ಲಾಭಾನೂ ನಿಮ್ದೇ, ನಷ್ಟಾನೂ ನಿಮ್ದೇ, ನಿದ್ದೆ ಮಾತ್ರ ನಂದು ಮೇಡಂ" ಎಂದು ನಗುತ್ತಾರೆ.

ನಾನೂ ಅಕ್ಕನೂ ಸೇರಿ ಒಂದು ಮನೆ. ಇಬ್ಬರೂ ಮದುವೆಯಾಗಲಿಲ್ಲ. (ಯಾಕೆ ಎಂದು ಕೇಳುತ್ತಿದ್ದವರು ಈಗ ಕೇಳುವುದನ್ನು ಬಿಟ್ಟಿದ್ದಾರೆ. ವಯಸ್ಸಾಗುವುದರಿಂದ ಅದೊಂದು ಉಪಕಾರ.) ಅಕ್ಕ ಹೈಸ್ಕೂಲ್ ಟೀಚರ್ ಆಗಿದ್ದವಳು, ಹಾಗಾಗಿ ಅಂಗಡಿಯಲ್ಲಿ ಅವಳು ದೊಡ್ಡ ಮೇಡಂ. ನಾನು ಚಿಕ್ಕ ಮೇಡಂ. ನಾನು ಒಂದು ದಿನವೂ ಪಾಠ ಮಾಡಿದವಳಲ್ಲ, ಆಫೀಸಿನಲ್ಲಿ ಫೈಲು ತಿರುವಿ ರಿಟೈರ್ ಆದವಳು. ಆ ಹೆಸರು ಅವಳ ಬಾಲಂಗೋಚಿಯಾಗಿ ನನಗೆ ಸಿಕ್ಕಿದ್ದು.

ಅಕ್ಕ ತೀರಿಕೊಂಡು ವರ್ಷವಾಯಿತು. ರುದ್ರೇಶ್ ಈಗಲೂ "ಬನ್ನಿ ಚಿಕ್ಕ ಮೇಡಂ" ಎನ್ನುತ್ತಾರೆ. ಚಿಕ್ಕವಳು ಎಂದರೆ ದೊಡ್ಡವಳೊಬ್ಬಳು ಇದ್ದಳು ಎಂದಾಯಿತಲ್ಲ? ಹಾಗೆ ಕರೆಯುವ ಜಾಗ ಈ ಊರಿನಲ್ಲಿ ಅದೊಂದೇ ಉಳಿದಿದೆ. ಅದಕ್ಕೇ ನಾನು ಸಾಮಾನು ಬೇಕಿಲ್ಲದಿದ್ದರೂ ಹೋಗುತ್ತೇನೆ. ಇವತ್ತು ಸಾಸಿವೆ, ನಾಳೆ ಜೀರಿಗೆ. ಮೊಬೈಲಿನಿಂದಲೂ ತರಿಸಿ ನೋಡಿದ್ದೇನೆ. ತಂದ ಹುಡುಗ ಚೀಲವನ್ನು ಗೇಟಿಗೆ ಸಿಕ್ಕಿಸಿರುತ್ತಾನೆ, ನಾನು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಬೈಕು ಹೊರಟಿರುತ್ತದೆ.

ಒಂಟಿಯಾಗಿರುವುದು ಎಂದರೆ ಏನು ಎಂದು ಜನ ಕೇಳುವುದಿಲ್ಲ, ಕೇಳಿದರೆ ಹೇಳಿಯೇನು. ಬೆಳಗ್ಗೆ ಅಡುಗೆಮನೆಯಲ್ಲಿ ನಿಂತು "ಇವತ್ತು ಉಪ್ಪಿಟ್ಟು ಮಾಡೋಣ್ವಾ?" ಎನ್ನುತ್ತೇನೆ. ಮೊದಲಾಗಿದ್ದರೆ ಹಾಲ್‌ನಿಂದ "ಅನುಮೋದಿಸಿದೆ!" ಎಂಬ ಉತ್ತರ ಬರುತ್ತಿತ್ತು. ಅಕ್ಕ ಸಂಘದ ಮಹಾಸಭೆಯಿಂದ ಮನೆಗೆ ತಂದ ಮಾತು ಅದು. ಸಭೆಯಲ್ಲಿ ಯಾವ ನಿರ್ಣಯಕ್ಕಾದರೂ ಒಬ್ಬರು ಸೂಚಕರು ಬೇಕು, ಒಬ್ಬರು ಅನುಮೋದಕರು ಬೇಕು. ಒಬ್ಬರು ಹೇಳಿ ಇನ್ನೊಬ್ಬರು ಹೂಂ ಎನ್ನದಿದ್ದರೆ ಆ ಮಾತು ಅಲ್ಲಿಗೇ ಬಿತ್ತು. ನಮ್ಮ ಮನೆಯಲ್ಲಿ ಸೂಚಕಿ ನಾನು, ಅನುಮೋದಕಿ ಅವಳು. ಈಗ ಉಪ್ಪಿಟ್ಟು ಮಾಡುತ್ತೇನೆ, ನಿಜ. ಆದರೆ ಅದು ಪಾಸಾದ ಉಪ್ಪಿಟ್ಟಲ್ಲ.

ಸಂಘದಲ್ಲೂ ಅಕ್ಕನೇ ಖಾಯಂ ಅನುಮೋದಕಿ. ಆದರೆ ಸುಮ್ಮನೆ ಕೈ ಎತ್ತುವವಳಲ್ಲ. ಕಾರ್ಯದರ್ಶಿ ತಮ್ಮ ಕಚೇರಿ ಭಾಷೆಯಲ್ಲಿ ಓದಿ ಮುಗಿಸಿದ ಕೂಡಲೇ ಎದ್ದು ನಿಂತು, "ಈಗ ಅದನ್ನೇ ಕನ್ನಡದಲ್ಲಿ ಹೇಳ್ರೀ" ಎನ್ನುತ್ತಿದ್ದಳು. ಅವರು ಓದಿದ್ದೂ ಕನ್ನಡವೇ! ಹಾಲ್ ನಗುತ್ತಿತ್ತು. ಕಾರ್ಯದರ್ಶಿ ಬೆವರು ಒರೆಸಿಕೊಂಡು ಮಾಮೂಲಿ ಮಾತಿನಲ್ಲಿ ವಿವರಿಸುತ್ತಿದ್ದರು. ಆಮೇಲೇ ಅವಳ ಅನುಮೋದನೆ.

ಹೋದ ವಾರ ರುದ್ರೇಶ್ ಕಡಲೆಬೇಳೆ ಕಟ್ಟುತ್ತಾ ಹೇಳಿದರು. "ಚಿಕ್ಕ ಮೇಡಂ, ಭಾನುವಾರದ ಮೀಟಿಂಗ್ ತಪ್ಪಿಸ್ಕೋಬೇಡಿ. ಅಂಗಡಿ ಮುಚ್ಚಿ ಬಾಡಿಗೆಗೆ ಬಿಡೋ ವಿಷ್ಯ ತರ್ತಾರಂತೆ. ಯಾವ್ದೋ ಕಾಫಿ ಶಾಪ್ ಬರತ್ತಂತೆ. ನೀವಾದ್ರೂ ಎದ್ದು ನಾಲ್ಕು ಮಾತಾಡಿ."

ಮಾತಾಡುತ್ತೇನೆ ಎಂದೆ. ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದೆ. ಸಹಕಾರವೇ ದೇಶದ ಬೆನ್ನೆಲುಬು ಎಂದು ಶುರು ಮಾಡುವುದು ಎಂದುಕೊಂಡೆ. ಎಲ್ಲರೂ ಹಾಗೇ ತಾನೇ ಶುರು ಮಾಡುವುದು?

ಭಾನುವಾರ ಹೋದೆ. ಕಿಟಕಿ ಪಕ್ಕದ ಸಾಲಿನಲ್ಲಿ ನನ್ನ ಮಾಮೂಲಿ ಕುರ್ಚಿ. ಪಕ್ಕದ್ದು ಅಕ್ಕನದು. ಯಾರೂ ಕೂರದಿರಲಿ ಎಂದು ಅದರ ಮೇಲೆ ನನ್ನ ಬ್ಯಾಗ್ ಇಟ್ಟೆ. ಎಂದಿನಂತೆ ಕೋರಂಗೆ ಬೇಕಾದಷ್ಟು ಜನ ಇರಲಿಲ್ಲ. ಎಂದಿನಂತೆ ಸಭೆಯನ್ನು ಅರ್ಧ ಗಂಟೆ ಮುಂದೂಡಿದರು. ನಿಮಗೆ ಗೊತ್ತಿರಬಹುದು, ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ. ಅದೇ ಹಾಲ್, ಅದೇ ಫ್ಯಾನು, ಅದೇ ಜನ. ಕಾದು ಕೂತರೆ ಸಾಕು, ಇಲ್ಲದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಮನೆಯೂ ಈಗ ಈ ನಿಯಮದ ಮೇಲೆಯೇ ನಡೆಯುತ್ತಿದೆ.

ವರದಿ ಆಯಿತು. ಆಡಿಟ್ ಆಯಿತು. ನಾನು "ಅಂಗಡಿ" ಎಂಬ ಶಬ್ದಕ್ಕೆ ಕಿವಿಕೊಟ್ಟು ಕೂತಿದ್ದೆ. ಕಾರ್ಯದರ್ಶಿ ಓದಿದರು: "ಸಂಘದ ಸ್ಥಿರಾಸ್ತಿಯ ನೆಲಮಹಡಿಯನ್ನು ಆದಾಯೋತ್ಪಾದಕ ಉದ್ದೇಶಕ್ಕಾಗಿ ಮರುವಿನಿಯೋಗಗೊಳಿಸಲು ಆಡಳಿತ ಮಂಡಳಿಗೆ ಅಧಿಕಾರ ನೀಡುವುದು." ಮುಂದಿನ ಸಾಲಿನಲ್ಲಿ ಯಾರೋ ಸೂಚಿಸಿದರು. "ಅನುಮೋದಕರು..." ಎನ್ನುತ್ತಾ ಕಾರ್ಯದರ್ಶಿ ರೂಢಿಯಂತೆ ಕಿಟಕಿಯ ಕಡೆ ನೋಡಿದರು. ಅಲ್ಲಿ ನನ್ನ ಬ್ಯಾಗ್ ಇತ್ತು. ಅವರಿಗೂ ನೆನಪಾಯಿತು. ಮಾತು ನಿಂತಿತು. ಇಡೀ ಹಾಲ್ ಆ ಕುರ್ಚಿಯತ್ತ ತಿರುಗಿತು.

ಆ ನೋಟವನ್ನು ನನ್ನಿಂದ ತಡೆಯಲಾಗಲಿಲ್ಲ. ಅವಳ ಜಾಗದಲ್ಲಿ ಏನೂ ಇಲ್ಲ ಎನ್ನುವುದನ್ನು ಅಷ್ಟು ಜನ ಒಟ್ಟಿಗೆ ನೋಡುತ್ತಿದ್ದರು. ಎದ್ದೆ. ಕೈ ಎತ್ತಿದೆ. ಅವಳದೇ ದನಿಯಲ್ಲಿ "ಅನುಮೋದಿಸಿದೆ!" ಎಂದೆ.

ಚಪ್ಪಾಳೆ. ಕಾರ್ಯದರ್ಶಿಯ ಕಣ್ಣು ಒದ್ದೆಯಾಗಿತ್ತು, ನನ್ನದೂ. ಕೂತೆ. ವರ್ಷದಲ್ಲಿ ಮೊದಲ ಸಲ ಮೈ ಹಗುರಾಗಿತ್ತು. ಹಿಂದಿನಿಂದ ಯಾರೋ ಬಗ್ಗಿ ಪಿಸುಗುಟ್ಟಿದರು. "ಏನ್ ಮೇಡಂ, ಅಂಗಡಿ ಬೇಕು ಅಂತಿದ್ರಿ, ಮುಚ್ಚೋಕೆ ನೀವೇ ಅನುಮೋದನೆ ಕೊಟ್ಬಿಟ್ರಲ್ಲ?"

ನೆಲಮಹಡಿ ಎಂದರೆ ಅಂಗಡಿ. ಮರುವಿನಿಯೋಗ ಎಂದರೆ ಬೀಗ. ಅಕ್ಕನಾಗಿದ್ದರೆ ಕೇಳುತ್ತಿದ್ದಳು. ನಾನು ಅವಳ ಕೊನೆಯ ಮಾತನ್ನು ಮಾತ್ರ ಆಡಿದೆ, ಅದರ ಹಿಂದಿನದನ್ನು ಮರೆತೆ.

ಮತ್ತೆ ಎದ್ದೆ. ತಪ್ಪಾಯಿತು, ಅಂಗಡಿ ಬೇಕು ಎಂದೆ. ಕನ್ನಡಿಯ ಮುಂದೆ ಕಲಿತ ಬೆನ್ನೆಲುಬು ಬಾಯಿಗೆ ಬರಲಿಲ್ಲ. ಕಪ್ಪು ಹಲಗೆ ಬಂತು. ನಮ್ಮ ಬೀದಿಯ ಉಳಿದ ಅಂಗಡಿಯವರು ತೊಗರಿಬೇಳೆ ಬೆಲೆ ಏರಿಸುವ ಮುಂಚೆ ಒಮ್ಮೆ ಬಂದು ಆ ಹಲಗೆ ನೋಡಿ ಹೋಗುತ್ತಾರೆ, ಇಲ್ಲಿ ಒಂದು ಕಾಳೂ ಕೊಳ್ಳದವರಿಗೂ ಅದರಿಂದ ಉಪಕಾರ, ಹಲಗೆ ಇಳಿಸಿದ ಮೇಲೆ ಅವರು ಯಾರ ಮುಖ ನೋಡಿ ಅಂಜಬೇಕು ಎಂದು ಕೇಳಿದೆ.

ಅಧ್ಯಕ್ಷರು ಕೆಟ್ಟವರಲ್ಲ. ನಿಧಾನವಾಗಿಯೇ ಹೇಳಿದರು. "ಮೇಡಂ, ನಮ್ಗೇನು ಮುಚ್ಚೋಕೆ ಆಸೇನಾ? ವರ್ಷಾ ವರ್ಷಾ ನಷ್ಟ. ಇಲ್ಲಿರೋರಲ್ಲಿ ಎಷ್ಟು ಜನ ಕೆಳಗೆ ಸಾಮಾನು ತಗೋತೀರ? ಕೈ ಎತ್ತಿ ನೋಡೋಣ."

ಎದ್ದ ಕೈಗಳು ತೀರಾ ಕಮ್ಮಿ. ನನ್ನದೂ ಅದರಲ್ಲಿತ್ತು, ಸಾಸಿವೆ ಜೀರಿಗೆಯ ಕೈ.

ಆದರೂ ಬಿಡಲಿಲ್ಲ. "ಈ ತೀರ್ಮಾನ ಮರುಪರಿಶೀಲಿಸ್ಬೇಕು ಅಂತ ನಾನು ಸೂಚಿಸ್ತೀನಿ" ಎಂದೆ. "ಆಯ್ತು ಮೇಡಂ. ಅನುಮೋದಕರು?" ಎಂದರು ಕಾರ್ಯದರ್ಶಿ. ಆಗಲೇ ಮೆಟ್ಟಿಲ ಕಡೆಯಿಂದ ಸಭೆಯ ಊಟದ ಬಿಸಿಬೇಳೆಬಾತಿನ ಘಮ ಬರುತ್ತಿತ್ತು. ಕುರ್ಚಿಗಳು ಸರಿದವು. ಒಬ್ಬರು ನನ್ನ ಕಡೆ ನೋಡಿ ಅಯ್ಯೋ ಪಾಪ ಎಂಬಂತೆ ನಕ್ಕರು, ಕೈ ಎತ್ತಲಿಲ್ಲ. ಅನುಮೋದಕರಿಲ್ಲದೆ ಸೂಚನೆ ಬಿದ್ದುಹೋಯಿತು. ಬ್ಯಾಗ್ ಎತ್ತಿಕೊಂಡು ಊಟ ಮಾಡದೆ ಮನೆಗೆ ಬಂದೆ. ಅಕ್ಕ ಹೋದ ದಿನ ಮನೆ ತುಂಬಾ ಜನರಿದ್ದರು. ಅವಳಿಲ್ಲ ಎನ್ನುವುದು ನನಗೆ ಪೂರ್ತಿ ಗೊತ್ತಾಗಿದ್ದು ಈ ಭಾನುವಾರ.

ಆಮೇಲೆ ಕೂತು ಯೋಚಿಸಿದೆ. ಸಹಕಾರಕ್ಕೆ ದಿಲ್ಲಿಯಲ್ಲಿ ಮಂತ್ರಾಲಯವಿದೆ, ಇಲ್ಲಿ ಇಲಾಖೆಯಿದೆ, ವರ್ಷಕ್ಕೊಮ್ಮೆ ಸಪ್ತಾಹವಿದೆ. ಹಾಲಿನಿಂದ ಹಿಡಿದು ಬೆಳೆಸಾಲ, ಗೊಬ್ಬರ, ಸಕ್ಕರೆಯವರೆಗೆ ದೇಶದ ಸಂಸಾರದಲ್ಲಿ ಅದರ ಕೈಯಿದೆ. ಸರ್ಕಾರ ಕಾನೂನು ಮಾಡಬಹುದು, ಸಾಲ ಕೊಡಬಹುದು, ಕಂಪ್ಯೂಟರ್ ಕೊಡಬಹುದು. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ವೋಟು ಎಂಬ ದೊಡ್ಡ ಮಾತನ್ನೂ ಬರೆದಿಟ್ಟಿದೆ. ಆದರೆ ಪಕ್ಕದ ಕುರ್ಚಿಗೆ ಒಬ್ಬರನ್ನು ತಂದು ಕೂರಿಸುವ ಯೋಜನೆ ಯಾವ ಬಜೆಟ್ಟಿನಲ್ಲಿದೆ? ನಾವೆಲ್ಲ ನಮ್ಮ ನಮ್ಮ ಗೇಟಿಗೆ ಚೀಲ ತರಿಸಿಕೊಂಡು, ಸಂಘವನ್ನು ವರ್ಷಕ್ಕೊಂದು ಬಿಸಿಬೇಳೆಬಾತಿಗೆ ಇಳಿಸಿದೆವು.

ಸೋಮವಾರ ಅಂಗಡಿಗೆ ಹೋಗಲು ಕಾಲೇ ಬರಲಿಲ್ಲ. ಆದರೂ ಹೋದೆ. ರುದ್ರೇಶ್ ಹಲಗೆಯ ಮೇಲೆ ಬೆಲ್ಲದ ದರ ಬರೆಯುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಬನ್ನಿ ಚಿಕ್ಕ ಮೇಡಂ" ಎಂದರು, ಅದೇ ದನಿ.

"ನನ್ನಿಂದ ತಪ್ಪಾಯ್ತು ರುದ್ರೇಶ್."

"ದೊಡ್ಡ ಮೇಡಂ ದನಿ ಕೆಳಗಡೆವರೆಗೂ ಕೇಳಿಸ್ತು ಮೇಡಂ. ಒಂದು ಕ್ಷಣ ಅವರೇ ಅಂದ್ಕೊಂಡೆ." ಸೀಮೆಸುಣ್ಣದ ಕೈ ಒರೆಸಿಕೊಂಡರು. "ಸದಸ್ಯರು ಸೇರಿ ಅರ್ಜಿ ಕೊಟ್ರೆ ವಿಶೇಷ ಸಭೆ ಕರೀಲೇಬೇಕಂತೆ. ಆದ್ರೆ ಒಬ್ರು ಸಾಲಲ್ಲ."

ಆ ಬೆಲ್ಲವನ್ನೇ ತಂದೆ. ಮನೆಯಲ್ಲಿ ಬೆಲ್ಲವಿತ್ತು.

ನಮ್ಮ ಸಂಘದ ಸದಸ್ಯರು ಕೆಲವರಾದರೂ ಈ ಅಂಕಣ ಓದುತ್ತೀರಿ, ನನಗೆ ಗೊತ್ತು. ಅಂಗಡಿ ಉಳಿಯಲಿ ಎಂದು ಈ ಸಲ ಅಚ್ಚ ಕನ್ನಡದಲ್ಲೇ ಸೂಚಿಸುತ್ತಿದ್ದೇನೆ. ಕುರ್ಚಿಯ ಮೇಲಿನ ಬ್ಯಾಗ್ ತೆಗೆದಿದ್ದೇನೆ.

ಅನುಮೋದಕರು?