ಉಡಚವ್ವ ಹೊರಗೆ ಮಲಗಿದ್ದು

ಉಡಚವ್ವ ಸತ್ತ ಮೇಲೆ ಡಂಬಳದ ಸಂತೆಯಲ್ಲಿ, ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯ ಮುಂದೆ ಒಂದು ಮಾತು ಹಬ್ಬಿತು. ಸರ್ಕಾರದ ಮನೆಗೆ ಆಸೆಬಿದ್ದು ಮಗಳು ದುರ್ಗಾ ಬೇನೆಬಿದ್ದ ತಾಯಿಯನ್ನು ಹೊರಗೆ ಹಾಕಿದಳಂತೆ, ಮುದುಕಿ ಬಯಲಲ್ಲಿ ಜೀವ ಬಿಟ್ಟಳಂತೆ. ಬಯಲಲ್ಲಿ ಜೀವ ಬಿಟ್ಟದ್ದು ನಿಜ. ಉಳಿದದ್ದು ನಿಜವಲ್ಲ. ದುರ್ಗಾ ಆ ಮಾತು ಕೇಳಿಸಿಕೊಂಡೂ ಯಾರಿಗೂ ಉತ್ತರ ಕೊಟ್ಟಿಲ್ಲ, ಕೊಡುವವಳೂ ಅಲ್ಲ. ಉಡಚವ್ವನನ್ನು ಹತ್ತಿರದಿಂದ ಬಲ್ಲವರೂ ಸುಮ್ಮನಿದ್ದರೆ ಕೊನೆಗೆ ಆ ಮಾತೊಂದೇ ಉಳಿದುಬಿಡುತ್ತದೆ.

ಡಂಬಳದಿಂದ ಕಪ್ಪತಗುಡ್ಡದ ಕಡೆಗೆ ಹೋಗುವ ದಾರಿಯಲ್ಲಿ ಅವರ ಕಾಲೋನಿ ಇದೆ. ಊರಿನವರು ಅವರನ್ನು ಗುಡ್ಡದ ಮಂದಿ ಎನ್ನುತ್ತಾರೆ. ಜೇನು, ಬೇರು, ಕಸಬರಿಗೆಯ ಹುಲ್ಲು ತಂದು ಮಾರಿ ಬದುಕಿದವರು. ಗುಡ್ಡದ ಕೆಲಸ ಕಡಿಮೆಯಾದ ಮೇಲೆ ಇಟ್ಟಿಗೆಯ ಭಟ್ಟಿಗೆ, ಗೋವೆಯ ಕಟ್ಟಡದ ಕೆಲಸಕ್ಕೆ ಹೋಗತೊಡಗಿದರು. ಅವರಲ್ಲಿ ಒಂದು ಪದ್ಧತಿ ಇತ್ತು. ಗುಡಿಸಲಿನಲ್ಲಿ ಯಾರಾದರೂ ಸತ್ತರೆ, ಮಣ್ಣು ಮಾಡಿ ಬಂದ ದಿನವೇ ಗುಡಿಸಲಿನ ಗಳ ಕಿತ್ತು, ಹುಲ್ಲು ಸುಟ್ಟು, ಬೇರೆ ಕಡೆ ಹೊಸದು ಹಾಕಿಕೊಳ್ಳಬೇಕು. ಆ ಜಾಗ ಇನ್ನು ಸತ್ತವರದು. ಅದನ್ನು ಅವರು ಅಂಜಿಕೆ ಎಂದು ಹೇಳುತ್ತಿರಲಿಲ್ಲ, ಮರ್ಯಾದೆ ಎನ್ನುತ್ತಿದ್ದರು. ಹಾಗೆಯೇ, ಬೇನೆಬಿದ್ದವರನ್ನು ಸಾಯುವ ಮುಂಚೆ ಹೊರಗೆ ತರುವುದು ಅವರ ಕಣ್ಣಿಗೆ ಬಹಳ ಹೇಸಿ ಕೆಲಸ. ತಂದರೆ, ಆ ಮನೆಯವರು ಸಾಯುವವರಿಗಿಂತ ಗುಡಿಸಲು ಹೆಚ್ಚು ಅಂದುಕೊಂಡರು ಎಂದೇ ಅರ್ಥ.

ಉಡಚವ್ವ ಚಿಕ್ಕವಳಿದ್ದಾಗ ತಾಯಿ ತೀರಿಕೊಂಡಳು. ಅಣ್ಣ ಹೊಳೆಯಪ್ಪನ ಜೊತೆ ಅವಳೂ ಗಳ ಕಿತ್ತಳು. ತಾನೂ ತಾಯಿಯೂ ಕೂಡಿ ಕೆಮ್ಮಣ್ಣಿನಲ್ಲಿ ಮೆತ್ತಿದ್ದ ಒಲೆ ಅಲ್ಲೇ ಉಳಿಯಿತು. ಮರುದಿನ ಅದನ್ನು ನೋಡಲು ಹೋದವಳನ್ನು ಹೊಳೆಯಪ್ಪ ಕಪಾಳಕ್ಕೆ ಹೊಡೆದು ಎಳೆದುಕೊಂಡು ಬಂದ. ಮುಂದೆ ಮಳೆಗಾಲದಲ್ಲಿ ಗಂಡ ಸತ್ತ. ಆಗಲೂ ಗುಡಿಸಲು ಬಿಟ್ಟಳು. ದುರ್ಗಾಳ ಕೈ ಹಿಡಿದು, ಕೈಗೂಸನ್ನು ಉಡಿಯಲ್ಲಿ ಕಟ್ಟಿಕೊಂಡು, ಹೊಸದು ಎದ್ದು ನಿಲ್ಲುವವರೆಗೆ ಹುಣಸೆಮರದ ಕೆಳಗೆ ಕೂತಳು. ಕೈಗೂಸಿಗೆ ನೆಗಡಿ ಎದೆಗೆ ಇಳಿಯಿತು. ಅದು ಉಳಿಯಲಿಲ್ಲ. ಆ ಕೂಸಿನ ಹೆಸರನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದರೆ, “ಹೆಸರಿಡಾಕ ತೊಟ್ಟಿಲು ಕಟ್ಟಬೇಕು, ತೊಟ್ಟಿಲು ಕಟ್ಟಾಕ ತೊಲಿ ಬೇಕಲ್ಲ” ಎಂದು ಎದ್ದು ಹೋಗುತ್ತಿದ್ದಳು.

ಪರಿಶಿಷ್ಟ ಪಂಗಡದವರಿಗೆ ಮನೆ ಮಂಜೂರಾಗುತ್ತವೆ ಎಂಬ ಸುದ್ದಿ ಕೇಳಿ ಪಂಚಾಯಿತಿಯ ಮೆಟ್ಟಿಲು ಮೊದಲು ಹತ್ತಿದವಳು ಅವಳು. ಹತ್ತಿದ ಮೇಲೆ ಇಳಿಯಲಿಲ್ಲ ಎಂದು ಪಿಡಿಒ ಪ್ರಮೋದ ಈಗಲೂ ಹೇಳುತ್ತಾರೆ. ಮನೆಗಳು ಬಂದದ್ದೇನೋ ಬಂದವು, ಆದರೆ ದುಡ್ಡು ಬರುವುದು ಕಂತಿನಲ್ಲಿ. ಬುನಾದಿ ಆದಾಗ ಒಂದು, ಗೋಡೆ ಎದ್ದಾಗ ಒಂದು, ಮೇಲೆ ಮಾಳಿಗೆ ಹಾಕಿದಾಗ ಒಂದು. ಪ್ರತಿ ಸಲವೂ ಮನೆ ಯಾರ ಹೆಸರಿಗಿದೆಯೋ ಅವರೇ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳಬೇಕು. ಹೆಸರಿದ್ದವರು ಗೋವೆಯಲ್ಲಿ. ಉಡಚವ್ವ ಮಂದಿಯ ಫೋನು ಬೇಡಿ ಒಬ್ಬೊಬ್ಬರಿಗೂ ಬೈದು ಕರೆಸಿದಳು.

ಹೊಳೆಯಪ್ಪ ಊರಲ್ಲೇ ಇದ್ದರೂ ತನ್ನ ಮನೆಯ ಬುನಾದಿಯ ಮುಂದೆ ಫೋಟೋಗೆ ನಿಲ್ಲಲು ಒಪ್ಪಲಿಲ್ಲ.

“ಗ್ವಾಡಿ ಇಲ್ಲ, ಮಾಳಗಿ ಇಲ್ಲ. ಬರೇ ಕಲ್ಲಿನ ಮುಂದ ನಿಂದರಸ್ತೀರಿ. ಗೋರಿ ಮುಂದ ನಿಂತಂಗ ಆಕ್ಕೈತಿ.”

“ನಿಲ್ರಿ ಅಜ್ಜಾರ, ಜಲ್ದಿ ಮುಗಸ್ತೀನಿ. ಸ್ವಲ್ಪ ನಗ್ರಿ” ಎಂದರು ಪ್ರಮೋದ.

“ನಗಾಕ ಬ್ಯಾರೆ ಕಂತು ಕೊಡ್ತೀರೇನು?”

“ನಗೋ ಯಣ್ಣಾ” ಎಂದಳು ಉಡಚವ್ವ. “ಹಲ್ಲು ಇರೂದರಾಗ ನಕ್ಕುಬಿಡು. ಮಾಳಗಿ ಹಾಕೂತನಾ ಅವೂ ಇರ್ತಾವೋ ಇಲ್ಲೋ.”

ಆ ಫೋಟೋದಲ್ಲಿ ಹೊಳೆಯಪ್ಪ ಸಿಟ್ಟಿನಿಂದ ನಿಂತಿದ್ದಾನೆ, ಪಕ್ಕದಲ್ಲಿ ನಗುತ್ತ ಬಾಗಿದ ಯಾರದೋ ನೆರಳು ಬಿದ್ದಿದೆ. ಆ ನೆರಳು ಅವಳದು.

ಮನೆಗಳು ಎದ್ದ ಮೇಲೆ ಅವನ್ನು ಕಾಯ್ದುಕೊಂಡವಳೂ ಅವಳೇ. ಬೋರಿನ ಮೋಟಾರಿನ ಕೀಲಿ ಅವಳ ಕೊರಳಲ್ಲಿ ಇರುತ್ತಿತ್ತು. ಮೊದಲ ಮಳೆಗೆ ಮಾಳಿಗೆ ಸೋರಿದಾಗ ಕಂತ್ರಾಟುದಾರನ ದಾರಿ ನೋಡದೆ ಹೆಂಗಸರನ್ನೇ ಮೇಲೆ ಹತ್ತಿಸಿ ಸಿಮೆಂಟಿನ ರಾಡಿ ಬಳಿಸಿದಳು. ಅಮಾಸಿಗೊಮ್ಮೆ ಮನೆಮನೆಗೆ ಡಬ್ಬಿ ಹಿಡಿದು ಹೋಗುತ್ತಿದ್ದಳು. ಕೈಲಾದಷ್ಟು ಹಾಕಬೇಕು, ಅದರಲ್ಲೇ ಪೈಪು, ಬಲ್ಬು, ಗಟಾರದ ಕಲ್ಲು. ಕೊಡದವರ ಬಾಗಿಲಲ್ಲಿ ಕೂತು ಹಾಡು ಹೇಳುತ್ತಿದ್ದಳು. ಅವಳ ದನಿ ಎಷ್ಟು ಕೆಟ್ಟದಾಗಿತ್ತೆಂದರೆ ಎಂಥ ಜಿಪುಣರೂ ಬೇಗ ಕೊಟ್ಟು ಎಬ್ಬಿಸುತ್ತಿದ್ದರು.

ಆದರೂ ಕಾಲೋನಿಯ ಅರ್ಧ ಮಂದಿ ಇನ್ನೂ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿದ ಗುಡಿಸಲಿನಲ್ಲೇ ಇದ್ದರು. ಅವರಿಗೆ ಎರಡನೆಯ ಸಲದ ಮನೆಗಳು ಬರಬೇಕಿತ್ತು. ಅದರಲ್ಲಿ ದುರ್ಗಾಳ ಹೆಸರೂ ಇತ್ತು. ಗಂಡ ಬಿಟ್ಟ ಮೇಲೆ ಮಗಳು ಪ್ರಿಯಾಂಕಾಳನ್ನು ಕರೆದುಕೊಂಡು ತಾಯಿಯ ಮನೆಯಲ್ಲಿದ್ದಳು.

ಆಗ ಹೊಳೆಯಪ್ಪನ ಹೆಂಡತಿ ತನ್ನ ಹೊಸ ಮನೆಯಲ್ಲೇ ತೀರಿಕೊಂಡಳು. ಮಣ್ಣು ಮಾಡಿ ಬಂದ ಹೊಳೆಯಪ್ಪ ಮನೆಯೊಳಗೆ ಕಾಲಿಡಲಿಲ್ಲ. ಎದುರಿನ ಬಯಲಲ್ಲಿ ತಾಡಪತ್ರಿ ಕಟ್ಟಿಕೊಂಡ. ಖಾಲಿ ಮನೆಯಲ್ಲಿ ಆಡುಗಳು ಸೇರಿಕೊಂಡವು.

ಉಡಚವ್ವ ಅಣ್ಣನ ಮುಂದೆ ಹೋಗಿ ನಿಂತಳು. ಕಾಲೋನಿಯೆಲ್ಲ ಸುತ್ತ ಸೇರಿತ್ತು.

“ಮನಿ ಬಿಡಬ್ಯಾಡ ಯಣ್ಣಾ. ಇದು ಹುಲ್ಲಿಂದಲ್ಲ, ಕಿತ್ತು ಒಗ್ಯಾಕ.”

“ಅಕಿಗೆ ಜಾಗಾ ಬ್ಯಾಡೇನು? ಜೀವಮಾನದಾಗ ಒಂದು ಚಲೋ ಮನಿ ಸಿಕ್ಕಿತ್ತು ಅಕಿಗೆ. ಅದನ್ನೂ ಕಸಗೊಳ್ಳೇನು?”

“ಸತ್ತಾಕಿಗೆ ಮನಿ, ಬದುಕಿದ್ದಾವಗ ತಾಡಪತ್ರಿ. ಚಲೋ ನ್ಯಾಯ ಆತು.”

“ನಿನ್ನ ಪಾಳಿ ಬರ್ಲಿ, ಉಡಚಿ. ನಿನ್ನ ಮನ್ಯಾಗ ನಿನ್ನ ಮಗಳು ಒಲಿ ಹಚ್ತಾಳೇನು ನೋಡೂಣು.”

“ಹಚ್ತಾಳ! ನಾ ಒಳಗ ಸಾಯ್ತೀನಿ, ಮರುದಿನ ಅಕಿ ಅಲ್ಲೇ ರೊಟ್ಟಿ ಬಡೀತಾಳ. ಎಲ್ಲಾರೂ ಬಂದು ನೋಡ್ರಿ.”

ದುರ್ಗಾ ಹಿಂದೆ ನಿಂತು ಕೇಳುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ತಾಯಿಯೂ ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ಮೇಲಿನ ಅಧಿಕಾರಿಗಳು ಮನೆ ನೋಡಲು ಬಂದರು. ಹೊಳೆಯಪ್ಪನ ಮನೆಯ ಬಾಗಿಲು ನೂಕಿದರೆ ಒಂದು ಹೋತ ಹೊರಗೆ ಬಂದು ಸಾಹೇಬರ ಪ್ಯಾಂಟು ಮೂಸಿತು. “ಇವರಿಗೆ ಮನಿ ಯಾಕ್ರಿ, ಆಡಿನ ದೊಡ್ಡಿ ಕಟ್ಟಿಸಿಕೊಡ್ರಿ” ಎಂದು ಅವರಲ್ಲೊಬ್ಬರು ನಕ್ಕರು. ಎರಡನೆಯ ಸಲದ ಮನೆಗಳು ಅಲ್ಲಿಗೇ ನಿಂತವು. ಪ್ರಮೋದ ಉಡಚವ್ವನನ್ನು ಪಕ್ಕಕ್ಕೆ ಕರೆದು ಹೇಳಿದರು: “ಉಡಚವ್ವಾರ, ನಾ ಮತ್ತ ಮ್ಯಾಲೆ ಕೇಳ್ತೀನಿ. ಆದ್ರ ಇನ್ನೊಂದು ಮನಿ ಹಿಂಗ ಖಾಲಿ ಬಿತ್ತಂದ್ರ, ಕೇಳಾಕ ನನಗ ಬಾಯಿ ಇರೂದಿಲ್ಲ.”

“ಬೀಳೂದಿಲ್ರಿ” ಎಂದಳು ಅವಳು.

ಹೊಟ್ಟೆಯೊಳಗೆ ಗಡ್ಡೆ ಇದೆಯೆಂದು ಗೊತ್ತಾದದ್ದು ಅದಾದ ಮೇಲೆ. ಗದಗದ ದವಾಖಾನೆಯಲ್ಲಿ ಬಹಳ ನೋಡಿದರು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಆಷಾಢದ ಜಿಟಿಜಿಟಿ ಮಳೆ ಹಿಡಿದಿತ್ತು. ಅವಳು ಮಲಗುವ ಹಗ್ಗದ ಹೊರಸನ್ನು ಒಳಗೆ, ಒಲೆಯ ಬಿಸಿ ತಾಗುವ ಹಾಗೆ ಹಾಕಿದರು. ಮಾಳಿಗೆ ಸೋರುತ್ತಿರಲಿಲ್ಲ. ಅವಳು ಬಹಳ ಹೊತ್ತು ಮಾಳಿಗೆ ನೋಡುತ್ತ ಮಲಗುತ್ತಿದ್ದಳು. ಅಲ್ಲಿ ಬಿರುಕಿಲ್ಲದ ಒಂದು ಜಾಗವನ್ನು ಕೈಮಾಡಿ ತೋರಿಸಿ, “ಅದು ನಾ ಬಳದಿದ್ದು” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ದುರ್ಗಾ ತಾಯಿಯನ್ನು ಕೂಸಿನಂತೆ ತೊಳೆದಳು, ಒರೆಸಿದಳು, ಗಂಜಿ ಕುಡಿಸಿದಳು. ಮಾಡಲಿಲ್ಲ ಎಂದು ಹೇಳುವ ಬಾಯಿಗೆ ಮಣ್ಣು ಬೀಳಲಿ.

ಒಂದು ಮಧ್ಯಾಹ್ನ ತಾಯಿ ಮಲಗಿದ್ದಾಳೆಂದುಕೊಂಡು ದುರ್ಗಾ ಗೋಡೆಯ ಮಾಡದಲ್ಲಿದ್ದ ಪಾತ್ರೆಗಳನ್ನು ಸದ್ದಾಗದ ಹಾಗೆ ಇಳಿಸಿದಳು. ಹಳೆಯ ಸೀರೆಯಲ್ಲಿ ಗಂಟು ಕಟ್ಟಿದಳು. ಪ್ರಿಯಾಂಕಾಳ ಶಾಲೆಯ ಚೀಲವನ್ನು ಅದರ ಮೇಲಿಟ್ಟು ಬಾಗಿಲ ಮರೆಗೆ ಸರಿಸಿದಳು. ಉಡಚವ್ವ ಕಣ್ಣು ಸಣ್ಣಗೆ ತೆರೆದು ಎಲ್ಲವನ್ನೂ ನೋಡಿದಳು. ಆ ಗಂಟು ಅವಳಿಗೆ ಗೊತ್ತಿತ್ತು. ತಾಯಿ ಸತ್ತಾಗ ತಾನು ಕಟ್ಟಿದ್ದು, ಗಂಡ ಸತ್ತಾಗ ಕಟ್ಟಿದ್ದು ಅದೇ ಗಂಟು.

ಗಂಜಿ ತಂದಾಗ ಕೇಳಿದಳು: “ಗಂಟು ಯಾಕ ಕಟ್ಟೀದಿ?”

ದುರ್ಗಾ ಬಟ್ಟಲಿನ ಗಂಜಿ ಕಲಕಿದಳು.

“ಅಂಜಿಕಿ ಐತೇನು?”

“ನೀ ಎಲ್ಲಾರ ಮುಂದ ಮಾತು ಕೊಟ್ಟೀದಿ ಯವ್ವಾ. ಇರ್ತೀನಿ. ಇರಬೇಕಲ್ಲ.” ಬಟ್ಟಲು ಕೆಳಗಿಟ್ಟಳು. “ಆದ್ರ ಆಕ್ಕೈತೋ ಇಲ್ಲೋ ನನಗ ತಿಳೀವಲ್ದು. ಅಜ್ಜಿ ಸತ್ತಮ್ಯಾಲ ಈ ಮನಿ ಅಜ್ಜೀದ ಆಕ್ಕೈತೇನು, ನಾವು ಎಲ್ಲಿ ಹೋಗೂದು ಅಂತ ಕೂಸು ಕೇಳ್ತೈತಿ. ಏನ್ ಹೇಳ್ಲಿ?”

ಉಡಚವ್ವನ ಕಣ್ಣು ಬಾಗಿಲ ಮರೆಯ ಗಂಟಿನ ಮೇಲೆ ಹೋಯಿತು. ಒಳಗೆ ಸತ್ತು ತೋರಿಸುತ್ತೇನೆ ಎಂದವಳು ಅವಳು. ಸತ್ತ ಮೇಲೆ ಈ ನಾಲ್ಕು ಗೋಡೆಯ ನಡುವೆ ಎದೆ ಹಿಡಿದುಕೊಂಡು ಕೂರಬೇಕಾದವಳು ದುರ್ಗಾ. ಅದು ಇಷ್ಟು ದಿನ ಹೊಳೆದಿರಲಿಲ್ಲ. ದುರ್ಗಾ ಎದ್ದು ಹೋದರೆ ಮನೆ ಖಾಲಿ, ಮನೆ ಖಾಲಿಯಾದರೆ ತಾಡಪತ್ರಿಯಲ್ಲಿದ್ದವರೆಲ್ಲ ತಾಡಪತ್ರಿಯಲ್ಲೇ.

“ಮಾತು ಕೊಟ್ಟಾಕಿ ನಾ. ನೀ ಅಲ್ಲ” ಎಂದಳು ಕೊನೆಗೆ. “ನನ್ನ ಹೊರಗ ಹಾಕು.”

“ಯವ್ವಾ!”

“ಹೊರಗ ಸತ್ತರ ಮನಿ ನಿಂದ.”

“ಮಂದಿ ಏನಂದಾರು? ತಾಯೀನ ಹೊರಗ ಹಾಕಿದ್ಲು ಅಂತಾರ.”

“ಅಂತಾರ. ಕೇಳು. ಮಂದಿ ಮಾತಿಗೆ ಯಾರೂ ತೊಯ್ಯೂದಿಲ್ಲ, ಮಳಿಗೆ ತೊಯ್ತಾರ.”

ದುರ್ಗಾ ಒಪ್ಪಲಿಲ್ಲ. ಉಡಚವ್ವ ಗಂಜಿಗೆ ಬಾಯಿ ತೆರೆಯುವುದನ್ನು ನಿಲ್ಲಿಸಿದಳು. ನೀರೂ ಬೇಡ ಎಂದಾಗ ದುರ್ಗಾ ಅಳುತ್ತ ಮಾವನ ಗುಡಿಸಲಿಗೆ ಓಡಿದಳು. ಹೊಳೆಯಪ್ಪ ಬಂದ. ಆ ಜಗಳದ ಮೇಲೆ ತಂಗಿಯ ಹೊಸ್ತಿಲು ತುಳಿದಿರಲಿಲ್ಲ. ಹೊರಸಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅವಳ ಮುಖ ನೋಡಿದ.

“ಸೋತ್ಯಾ?”

“ಸೋತೆ. ಹೊರಸು ಹಿಡಿ.”

ತಲೆಯ ಕಡೆ ಅವನು, ಕಾಲಿನ ಕಡೆ ದುರ್ಗಾ. ಬಾಗಿಲಲ್ಲಿ ಹೊರಸು ಸಿಕ್ಕಿಕೊಂಡಿತು. ಓರೆ ಮಾಡಿದರೂ ಹೊರಗೆ ಬರಲಿಲ್ಲ. ಮಲಗಿದ್ದಲ್ಲಿಂದಲೇ ಉಡಚವ್ವ ಬೈದಳು: “ಈ ಬಾಗಲಾ ಇಟ್ಟಾವ ಯಾವನಲೇ? ಹೆಣಾನೂ ಹೊಂಡೂದಿಲ್ಲ ಇದರಾಗ.” ಹೊಳೆಯಪ್ಪನಿಗೆ ನಗು ಬಂತು, ನಗುತ್ತಲೇ ಅಳು ಬಂತು. ಹೊರಸು ಇಳಿಸಿ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಎತ್ತಿದ ಮೇಲೆ ಅವಳ ಭಾರ ಎಷ್ಟಿತ್ತೆಂದು ಅವನು ಇಂದಿಗೂ ಯಾರ ಮುಂದೆಯೂ ಹೇಳುವುದಿಲ್ಲ.

ಖಾಲಿ ಹೊರಸನ್ನು ಅಡ್ಡ ತಿರುಗಿಸಿ ಹೊರಗೆ ತಂದು ಅಂಗಳದ ಬೇವಿನ ಗಿಡದ ಪಕ್ಕ ಹಾಕಿದರು. ಬಾಗಿಲು ಕಾಣುವ ಹಾಗೆ ತಿರುಗಿಸಿರಿ ಎಂದಳು, ತಿರುಗಿಸಿದರು. ಹೊಳೆಯಪ್ಪ ತನ್ನ ಗುಡಿಸಲಿನ ತಾಡಪತ್ರಿಯನ್ನೇ ಬಿಚ್ಚಿ ತಂದು ಅವಳ ಮೇಲೆ ಕಟ್ಟಿದ. ಆ ದಿನಗಳಲ್ಲಿ ಅವನಿಗೆ ಸೂರು ಇರಲಿಲ್ಲ. ತನ್ನದೇ ಮನೆಯ ಹೊಸ್ತಿಲ ಮೇಲೆ, ಬೆನ್ನಿಗೆ ಆಡುಗಳನ್ನು ಬಿಟ್ಟುಕೊಂಡು ಕೂರುತ್ತಿದ್ದ. ಒಳಗೆ ಹೋಗಲಿಲ್ಲ.

ಊರಿನವರು ದಾರಿಯಲ್ಲಿ ಹೋಗುವಾಗ ನಿಂತು ನೋಡಿದರು. ಸಂತೆಯ ಮಾತು ಹುಟ್ಟಿದ್ದು ಅಲ್ಲಿ.

ಕೊನೆಯ ದಿನ ಮುಂಜಾನೆ ಮಳೆ ಬಿಟ್ಟಿತ್ತು. “ಒಲಿ ಹಚ್ಚು” ಎಂದಳು ಉಡಚವ್ವ. “ಹೊಗಿ ಕಾಣ್ಲಿ.” ದುರ್ಗಾ ತಾಯಿಯ ಹತ್ತಿರ ಇರಬೇಕೆಂದಳು. “ನನ್ನ ಹಂತ್ಯಾಕ ಮಾವ ಅದಾನ. ನೀ ಒಳಗ ಹೋಗು.” ದುರ್ಗಾ ಒಳಗೆ ಹೋದಳು. ಬಾಗಿಲ ಮರೆಯ ಗಂಟು ಬಿಚ್ಚಿ ಹಿಟ್ಟು ನಾದುವ ಪರಾತ ತೆಗೆದಳು. ಹಸಿ ಕಟ್ಟಿಗೆಯ ಹೊಗೆ ಕಿಟಕಿಯಿಂದ ಹೊರಗೆ ಬಂತು, ಆಮೇಲೆ ರೊಟ್ಟಿ ಬಡಿಯುವ ಸದ್ದು. ಉಡಚವ್ವ ಅದನ್ನು ಕೇಳುತ್ತ ಇದ್ದಳು. ಸದ್ದು ನಿಲ್ಲುವ ಮುಂಚೆಯೇ ಹೊಳೆಯಪ್ಪ ಅವಳ ಕಣ್ಣು ಮುಚ್ಚಿದ. ದುರ್ಗಾಳನ್ನು ಕೂಗಲಿಲ್ಲ. ಬಡಿಯುತ್ತಿದ್ದ ರೊಟ್ಟಿ ಪೂರ್ತಿ ಆಗಲಿ ಎಂದು ತಡೆದ.

ಮನೆ ಖಾಲಿ ಬೀಳಲಿಲ್ಲ. ದುರ್ಗಾ ಅಲ್ಲೇ ಉಳಿದಳು. ಹೊಳೆಯಪ್ಪ ತಾಡಪತ್ರಿ ಬಿಚ್ಚಿಕೊಂಡು ಮತ್ತೆ ಗುಡಿಸಲು ಕಟ್ಟಿಕೊಂಡ, ಅವನನ್ನು ಯಾರಿಗೂ ಬದಲಿಸಲಾಗಲಿಲ್ಲ. ಈಚೆಗೆ ಕಾಲೋನಿಯಲ್ಲಿ ಮತ್ತೊಬ್ಬ ಮುದುಕಿ ಬೇನೆಬಿದ್ದಾಗ, “ನನ್ನೂ ಉಡಚವ್ವನಂಗ ಹೊರಗ ಹಾಕ್ರಿ” ಎಂದಳು. ಮಕ್ಕಳು ಹಾಕಿದರು. ಉಡಚವ್ವ ಕಟ್ಟಬೇಕೆಂದಿದ್ದು ಇಂಥ ಪದ್ಧತಿಯನ್ನಲ್ಲ. ಬೆಚ್ಚಗಿನ ಮಾಳಿಗೆಯ ಕೆಳಗೆ ನೆಮ್ಮದಿಯಾಗಿ ಸಾಯುವುದೂ ಮನೆಯ ಒಂದು ಉಪಯೋಗ ಎಂದು ಅವಳು ನಂಬಿದ್ದಳು. ಆ ಉಪಯೋಗ ಅವಳಿಗೆ ಸಿಗಲಿಲ್ಲ.

ಎರಡನೆಯ ಸಲದ ಮನೆಗಳು ಮಂಜೂರಾದವು. ದುರ್ಗಾಳ ಬುನಾದಿ ತಾಯಿಯ ಮನೆಯ ಪಕ್ಕದಲ್ಲೇ ಬಿತ್ತು. ಪ್ರಮೋದ ಫೋಟೋ ತೆಗೆಯಲು ಬಂದರು. ಮೊಬೈಲು ಎತ್ತಿ ಹಿಡಿದು ಪರದೆ ನೋಡಿದರು.

“ದುರ್ಗಾ, ಆ ಗಿಡದ ಬಾಜೂಕ ಹೊರಸು ಐತಲ್ಲ, ಅದೂ ಫೋಟೋದಾಗ ಬರಾಕತ್ತೈತಿ. ಸ್ವಲ್ಪ ಸರಸ್ತೀರೇನು?”

“ಅದನ್ನ ಸರಸೂದಿಲ್ರಿ” ಎಂದಳು ದುರ್ಗಾ. “ಅದು ನಮ್ಮವ್ವನ ಜಾಗಾ.”

ಪ್ರಮೋದ ಹಾಗೆಯೇ ತೆಗೆದರು.