ಹಿಂದಿನಿಂದ ಕೂಗಬಾರದು

ಅತ್ತಿಗೆಯ ಕತ್ತಿನ ಬಲಭಾಗದಲ್ಲಿ, ಶಿವದಾರ ಹಾದುಹೋಗುವ ಕಡೆ, ಒಂದು ನರ ಬಿಗಿದ ಹುರಿಯ ಹಾಗೆ ಎದ್ದು ನಿಂತಿತ್ತು. ಬಲಭುಜದ ಮೇಲಿಂದ ಹಿಂದಕ್ಕೆ ನೋಡಿ ನೋಡಿ ಬಂದದ್ದು. ಸಾರಿಗೆ ಒಗ್ಗರಣೆ ಹಾಕುವಾಗ, ಲಿಂಗಪೂಜೆಗೆ ಕೂತಾಗ, ಮಾತಿನ ನಡುವೆ, ಎಲ್ಲೆಂದರಲ್ಲಿ ತಲೆ ಸರಕ್ಕನೆ ತಿರುಗುತ್ತಿತ್ತು. ಎಷ್ಟೋ ಸಲ ಹಿಂದೆ ಬರೀ ಗೋಡೆ. ಡಾಕ್ಟರು ಕೊಟ್ಟ ಕತ್ತಿನ ಪಟ್ಟಿಯನ್ನು ಅವರು ಬೀರುವಿನೊಳಗೆ ಇಟ್ಟುಬಿಟ್ಟರು. ಅದನ್ನು ಹಾಕಿಕೊಂಡರೆ ತಿರುಗಲು ಇಡೀ ಮೈಯನ್ನೇ ತಿರುಗಿಸಬೇಕು, ಜನ ನೋಡುತ್ತಾರೆ ಎಂದರು.

ಅವರು ನನ್ನ ಅಣ್ಣನ ಹೆಂಡತಿ. ಚಾಮರಾಜಪೇಟೆಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಜೊತೆಯಲ್ಲಿ ಒಂದು ಸೈಕಲ್ಲೂ ಬಂತು. ಹೀಗೆ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನಿಜವಲ್ಲ. ಸೈಕಲ್ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಗಂಡ ಹೆಂಡತಿ ಇಬ್ಬರಿಗೂ ಸಕ್ಕರೆ ಕಾಯಿಲೆಯ ಹೆದರಿಕೆ ಹತ್ತಿದಾಗ. ಮದುವೆಯಾಗದೆ ಅದೇ ಮನೆಯಲ್ಲಿ ಉಳಿದಿದ್ದ ನನಗೂ ಒಂದು ಕೊಡಿಸಿದರು. ಅಣ್ಣ ಅಂಗಡಿಯಲ್ಲಿ ಹಗ್ಗ, ಗೋಣಿಚೀಲ ಮಾರುತ್ತ ಕೂತಲ್ಲೇ ಕೂತು ದಪ್ಪಗಾಗಿದ್ದ. ಅತ್ತಿಗೆ ತೆಳ್ಳಗೆ, ಚುರುಕು. ವಿಮಾ ಕಚೇರಿಯ ಕೆಲಸ ಮುಗಿಸಿಕೊಂಡು ಸಂಜೆ ಫ್ರೆಂಚ್ ಕ್ಲಾಸಿಗೆ ಹೋಗುತ್ತಿದ್ದರು. ಯಾಕೆ ಎಂದು ಕೇಳಿದವರಿಗೆ, ಮನೆಯಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ ಬೈಯಬೇಕು ಅನ್ನಿಸಿತು ಎನ್ನುತ್ತಿದ್ದರು.

ಭಾನುವಾರ ಬೆಳಗ್ಗೆ ಇಬ್ಬರೂ ಒಂದು ಸುತ್ತು ಹೊಡೆದು ಗಾಂಧಿ ಬಜಾರಿಗೆ ಬಂದು ಕಾಫಿ ಕುಡಿಯುವುದು ವಾಡಿಕೆ. ಅತ್ತಿಗೆ ಮುಂದೆ, ಅಣ್ಣ ಹಿಂದೆ. ಅವರ ವೇಗ ನೋಡಿ ನಾನು ಹೆದರಿದರೆ, "ಹಿಂದಿರೋದನ್ನೆಲ್ಲ ನಿಮ್ಮಣ್ಣ ನೋಡ್ಕೋತಾರೆ ಕಣೇ. ನಂದು ಮುಂದೆ ಹೋಗೋ ಕೆಲಸ ಅಷ್ಟೆ" ಎನ್ನುವರು.

ಆ ಭಾನುವಾರ ಕಲಾಸಿಪಾಳ್ಯದ ಕಡೆಯಿಂದ ತರಕಾರಿ ತುಂಬಿಕೊಂಡು ಬರುತ್ತಿದ್ದ ಟೆಂಪೋ ಅಣ್ಣನಿಗೆ ಹಿಂದಿನಿಂದ ಗುದ್ದಿತು. ಅತ್ತಿಗೆಗೆ ಸದ್ದು ಕೇಳಿಸಿತ್ತು. ಯಾರೋ ಅಂಗಡಿಯ ರೋಲಿಂಗ್ ಶಟರ್ ಎತ್ತಿದರು ಅಂದುಕೊಂಡು ತುಳಿಯುತ್ತಲೇ ಹೋದರು. ಹೋಟೆಲಿನ ಮುಂದೆ ಸೈಕಲ್ ನಿಲ್ಲಿಸಿ ಎರಡು ಕಾಫಿ ತಗೊಂಡು ನಿಂತರು. ಅಣ್ಣನ ಲೋಟದ ಮೇಲೆ, ಆರದಿರಲಿ ಎಂದು, ತಮ್ಮ ಅಂಗೈ ಮುಚ್ಚಿ ಕಾದರು.

ತರಕಾರಿ ಇಳಿಸುತ್ತಿದ್ದ ಒಬ್ಬಾತ ಆಸ್ಪತ್ರೆಯವರೆಗೂ ಬಂದಿದ್ದ. ಒಳ್ಳೆಯ ಮನುಷ್ಯ, ಸಮಾಧಾನಕ್ಕೆಂದೇ ಹೇಳಿದ: "ಕೊನೇಲಿ ನಿಮ್ಮನ್ನೇ ಕೂಗಿದ್ರಮ್ಮ. ಹೆಸರಿಡಿದು ಕೂಗಿದ್ರು."

ಅಲ್ಲಿಂದ ಶುರುವಾಯಿತು. ಅಣ್ಣ ಕೂಗಿದ್ದು ಗುದ್ದುವ ಮೊದಲೋ ಆಮೇಲೋ? ತನಗೆ ಕೇಳಿಸಲಿಲ್ಲವೋ, ಅಥವಾ ಕೇಳಿಸಿಯೂ, ನಿಧಾನಕ್ಕೆ ಹೋಗು ಅನ್ನುತ್ತಿದ್ದಾರೆ ಎಂದುಕೊಂಡು ತಿರುಗಲಿಲ್ಲವೋ? ಅತ್ತಿಗೆಗೆ ಇದೊಂದು ತಿಳಿಯಬೇಕಿತ್ತು. ಅಮ್ಮ ತಮಗೆ ತೋಚಿದ ಹಾಗೆ ಸಮಾಧಾನ ಮಾಡಿದರು. ಹೊರಟವರನ್ನು ಹಿಂದಿನಿಂದ ಕೂಗಬಾರದು ಎನ್ನುವುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಕೊಡೆ ಮರೆತು ಹೊರಟವರ ಹಿಂದೆ ಕೊಡೆ ಹಿಡಿದು ಓಡುತ್ತಿದ್ದೆವೇ ಹೊರತು ಕೂಗುತ್ತಿರಲಿಲ್ಲ. "ನನ್ನ ಮಗ ಕೂಗಿರಲ್ಲ ಬಿಡಮ್ಮ. ಹಾಗೆ ಬೆಳೆಸಿಲ್ಲ ಅವನನ್ನ" ಎಂದರು ಅಮ್ಮ. ಅತ್ತಿಗೆ ತಲೆಯಾಡಿಸಿದರು. ತಲೆಯಾಡಿಸುತ್ತಲೇ ಹಿಂದಕ್ಕೆ ನೋಡಿದರು. ನನಗೆ ತಿಳಿದ ಮಟ್ಟಿಗೆ ಅದು ಮೊದಲನೆಯ ಸಲ. ಮೊದಲನೆಯದು ಯಾವಾಗಲೋ ಆಗಿ, ನಾನು ನೋಡಿರದೆಯೂ ಇರಬಹುದು.

ಮತ್ತೆ ಸೈಕಲ್ ಹತ್ತಬೇಕೆಂದು ಬಹಳ ಪ್ರಯತ್ನಪಟ್ಟರು. ನಮ್ಮ ರಸ್ತೆಯ ತಿರುವು ದಾಟುವುದರೊಳಗೆ ಹಿಂದೆ ನೋಡಲು ಹೋಗಿ ನಿಂತ ಆಟೋಗೆ ಗುದ್ದಿದರು. ಆಟೋದವನು ಕೆಳಗಿಳಿದು, "ಮುಂದೆ ನೋಡ್ಕೊಂಡ್ ಹೋಗಮ್ಮ ತಾಯಿ, ಹಿಂದಿರೋರು ನಿಮ್ಮನ್ನ ನೋಡ್ಕೋತಾರೆ" ಎಂದ. ಪಾಪ, ಅವನಿಗೇನು ಗೊತ್ತು. ಅತ್ತಿಗೆ ಸೈಕಲ್ ತಳ್ಳಿಕೊಂಡು ವಾಪಸ್ ಬಂದರು.

ಫ್ರಾನ್ಸಿನ ಹಳ್ಳಿಗಾಡಿನಲ್ಲಿ, ಕಾಡುಗಳ ಒಳಗೆ, ಮೋಟಾರು ವಾಹನಗಳೇ ಬಾರದ ಜಲ್ಲಿದಾರಿಗಳಿವೆ ಎಂದು ಅವರಿಗೆ ಫೋನಿನಲ್ಲಿ ಕಂಡಿತ್ತು. ದಿನವಿಡೀ ತುಳಿದರೂ ಹಿಂದಿನಿಂದ ಏನೂ ಬರುವುದಿಲ್ಲವಂತೆ. ನೀನೂ ಬಾ ಎಂದರು. ಅಮ್ಮ ತಡೆಯಲಿಲ್ಲ, ಕುಟುಕಿದರು ಅಷ್ಟೆ: "ಶ್ರೀಶೈಲಕ್ಕೆ ಬಾ ಅಂದ್ರೆ ಮಂಡಿ ನೋವು. ಫ್ರಾನ್ಸ್‌ಗೆ ಮಂಡಿ ಎಲ್ಲಿಟ್ಟು ಹೋಗ್ತೀಯಮ್ಮ?"

ಆ ಕಾಡನ್ನು ಬಣ್ಣಿಸಲು ನನಗೆ ಧೈರ್ಯವಿಲ್ಲ. ನನ್ನ ತಲೆಯಲ್ಲಿರುವ ಹಸಿರು ಫೋನಿನ ಫೋಟೋಗಳ ಹಸಿರು. ಮೈಗೆ ನೆನಪಿರುವುದನ್ನು ಮಾತ್ರ ಹೇಳಬಹುದು. ಬಾಡಿಗೆ ಸೈಕಲ್ಲಿನ ದಪ್ಪ ಟೈರಿನ ಕೆಳಗೆ ಜಲ್ಲಿ ನುರಿಯುವ ಸದ್ದು, ಹ್ಯಾಂಡಲಿನಿಂದ ಮೊಣಕೈವರೆಗೆ ಏರುತ್ತಿದ್ದ ನಡುಕ, ಓಕ್ ಮರಗಳ ಕೆಳಗೆ ಹೋದ ತಕ್ಷಣ ಬೆವರು ತಣ್ಣಗಾಗುವುದು. ಕಾಡು ಮುಗಿದರೆ ಗೋಧಿ ಕುಯ್ದ ಹೊಲ, ಬಿಳಿ ದನಗಳು, ಮಧ್ಯಾಹ್ನಕ್ಕೆಲ್ಲ ಕಿಟಕಿ ಮುಚ್ಚಿಕೊಂಡ ಹಳ್ಳಿ. ಮತ್ತೆ ಕಾಡು. ಪ್ರತಿ ಕಾಡಿನ ಬಾಯಲ್ಲೂ ವಾಹನ ಬಾರದಂತೆ ಅಡ್ಡ ಇಟ್ಟ ಒಂದು ಮರದ ಕಂಬ. ಅತ್ತಿಗೆ ಇಳಿದು, ಪಕ್ಕದ ಸಂದಿಯಲ್ಲಿ ಸೈಕಲ್ ತೂರಿಸಿ, ಆ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಂದಿಯ ಕೊಂಬು ಮುಟ್ಟಿದ ಹಾಗೆ.

ಆದರೂ ಕತ್ತು ತಿರುಗುವುದು ನಿಲ್ಲಲಿಲ್ಲ. ಆ ದೇಶದಲ್ಲಿ ದಾರಿಯ ಬಲಬದಿಯಲ್ಲೇ ಹೋಗಬೇಕು. ಹಾಗಾಗಿ ಬಲಭುಜದ ಮೇಲಿಂದ ನೋಡಿದರೆ ಕಾಣುತ್ತಿದ್ದದ್ದು ದಾರಿಯೂ ಅಲ್ಲ, ಬರೀ ಮುಳ್ಳುಪೊದೆ. ನಾವು ಉಳಿದುಕೊಂಡಿದ್ದ ಮನೆಯ ಮುದುಕಿ ಇದನ್ನು ಗಮನಿಸಿ ಏನೋ ಕೇಳಿದಳು, ಅತ್ತಿಗೆ ಉತ್ತರಿಸಿದರು. ಮುದುಕಿ ಅವರ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ ಹಾಕಿದಳು. ಏನು ಕೇಳಿದಳು ಎಂದೆ. "ಹಿಂದೆ ಇನ್ನೂ ಯಾರಾದ್ರೂ ಬರೋದಿದೆಯಾ ಅಂದ್ರು. ಇಲ್ಲ ಅಂದೆ."

ಮಾರನೆಯ ದಿನ ಕಾಡಿನ ನಟ್ಟನಡುವೆ, ಕಡಿದ ದಿಮ್ಮಿಗಳನ್ನು ಪೇರಿಸಿದ್ದ ಕಡೆ, ಅತ್ತಿಗೆ ಸೈಕಲ್ ನಿಲ್ಲಿಸಿದರು. ಮುಂದೆ ಒಂದೇ ಸಮನೆ ನೇರವಾದ ದಾರಿ.

"ನೀನು ಇಲ್ಲೇ ನಿಂತ್ಕೊ. ನಾನು ಹೋಗ್ತಾ ಇರ್ತೀನಿ, ನನ್ನ ಹೆಸರಿಡಿದು ಕೂಗು. ಕೇಳಿಸಿದ್ರೆ ಕೈ ಎತ್ತುತ್ತೀನಿ."

"ಬೇಡ ಅತ್ತಿಗೆ. ಅಮ್ಮ ಏನಂತಾರೆ?"

"ಅಮ್ಮಂಗೆ ಇಲ್ಲಿವರೆಗೆ ಕೇಳಿಸಲ್ಲ ಬಿಡು."

ಅವರು ಹೊರಟರು. ಅತ್ತಿಗೆಯನ್ನು ಹೆಸರು ಹಿಡಿದು ನಾನು ಜೀವಮಾನದಲ್ಲಿ ಕರೆದವಳಲ್ಲ; ಬಾಯಿ ಬರಲಿಲ್ಲ. ಕೊನೆಗೆ ಕೂಗಿದೆ. ಕೈ ಮೇಲೆದ್ದಿತು. ಇನ್ನಷ್ಟು ದೂರ ಹೋದಾಗ ಮತ್ತೆ ಕೂಗಿದೆ, ಮತ್ತೆ ಕೈ. ಬೆರಳಷ್ಟಾದರು, ಆಗಲೂ ಎತ್ತಿದರು. ಅವರು ಕಣ್ಣಿಗೆ ಕಾಣದಾದ ಮೇಲೆ ನಾನು ಕೂಗುವುದನ್ನು ಬಿಟ್ಟು ದಿಮ್ಮಿಯ ಮೇಲೆ ಕೂತೆ.

ತಿರುಗಿ ಬಂದಾಗ ಅವರ ಮುಖ ಕಪ್ಪಿಟ್ಟಿತ್ತು. "ಎಲ್ಲಾ ಕೇಳಿಸ್ತು" ಎಂದರು. ಅಲ್ಲಿ ಟೆಂಪೋ ಇರಲಿಲ್ಲ, ಶಟರ್ ಇರಲಿಲ್ಲ, ಬಸ್ಸಿರಲಿಲ್ಲ. ಅಷ್ಟು ದೂರದ ಪ್ರಯಾಣದಲ್ಲಿ ಅವರಿಗೆ ತಿಳಿದದ್ದು ಇದು. ಊರಿನ ಸದ್ದನ್ನು ತೆಗೆದುಬಿಟ್ಟರೆ ಮನುಷ್ಯನ ಕೂಗು ಎಷ್ಟು ದೂರಕ್ಕೂ ಕೇಳಿಸುತ್ತದೆ. ಉಳಿದ ದಿನಗಳಲ್ಲಿ ಅವರು ನನ್ನ ಹಿಂದೆಯೇ ತುಳಿದರು. ಅವರು ಇದ್ದಾರೋ ಇಲ್ಲವೋ ಎಂದು ಈಗ ನಾನು ತಿರುಗಿ ತಿರುಗಿ ನೋಡಬೇಕಾಯಿತು.

ಊರಿಗೆ ಬಂದ ಮೇಲೆ ಒಂದು ಭಾನುವಾರ, ಬೆಳಕು ಹರಿಯುವಾಗ, ನನ್ನನ್ನು ಎಬ್ಬಿಸಿದರು. ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಅಣ್ಣ ಬಿದ್ದ ಜಾಗದಲ್ಲಿ ನನ್ನನ್ನು ನಿಲ್ಲಿಸಿ, "ಹೋದ ಸಲದ ಹಾಗೇ" ಎಂದು ಸೈಕಲ್ ಹತ್ತಿದರು. ಒಂದು ಬಸ್ಸು ಹೋಯಿತು, ಎರಡು ಆಟೋ ಹೋದವು. ನಾನು ಎದೆ ಬಿರಿಯುವ ಹಾಗೆ ಕೂಗಿದೆ. ಅವರಿಗಿಂತ ಆಚೆ, ರಸ್ತೆಯ ಬದಿಯಲ್ಲಿ ಸೇವಂತಿಗೆ ರಾಶಿ ಹಾಕಿಕೊಂಡು ಕೂತಿದ್ದ ಹೆಂಗಸು ತಲೆಯೆತ್ತಿ ನನ್ನ ಕಡೆ ನೋಡಿದಳು. ಒಂದು ನಾಯಿ ಎದ್ದು ನಿಂತಿತು. ಅತ್ತಿಗೆಯ ಕೈ ಹ್ಯಾಂಡಲಿನ ಮೇಲೇ ಇತ್ತು. ಕತ್ತೂ ತಿರುಗಲಿಲ್ಲ.

ಹೋಟೆಲಿಗೆ ನಾನು ನಡೆದು ಹೋಗುವಷ್ಟರಲ್ಲಿ ಅವರು ಎರಡು ಕಾಫಿ ತಗೊಂಡು ನಿಂತಿದ್ದರು.

"ಕೂಗಿದ್ಯಾ?"

"ಕೂಗಿದೆ ಅತ್ತಿಗೆ."

"ನಿಜವಾಗ್ಲೂ?"

"ನಿಮ್ಮಾಣೆ."

"ಕೇಳಿಸ್ಲಿಲ್ಲ ಕಣೇ" ಎಂದರು. ಇನ್ನೊಮ್ಮೆ, ಲೋಟಕ್ಕೆ ಹೇಳುವ ಹಾಗೆ, "ಏನೂ ಕೇಳಿಸ್ಲಿಲ್ಲ."

ಹೂವಿನ ಹೆಂಗಸು ತಿರುಗಿದ್ದನ್ನು ನಾನು ಹೇಳಲಿಲ್ಲ. ಈಗ ಕೂತು ಯೋಚಿಸಿದರೆ, ಅವಳು ನನ್ನ ಕೂಗಿಗೇ ತಿರುಗಿದಳೆಂದು ಹೇಗೆ ಹೇಳುವುದು? ಅವಳು ಕೂತಿದ್ದದ್ದು ಅತ್ತಿಗೆಗಿಂತ ಆಚೆಯೋ ಈಚೆಯೋ ಎಂಬುದೂ ಒಂದೊಂದು ದಿನ ಒಂದೊಂದು ಥರ ಕಾಣುತ್ತದೆ. ಅಂದಿನಿಂದ ಅತ್ತಿಗೆಯ ಕತ್ತು ತಿರುಗುವುದು ನಿಂತಿತು. ಎದ್ದಿದ್ದ ನರ ನಿಧಾನವಾಗಿ ಇಳಿಯಿತು. ಅವರು ನಗುತ್ತಿದ್ದರು, ಫ್ರೆಂಚಿನಲ್ಲಿ ಬೈಯುತ್ತಿದ್ದರು. ಆದರೆ ಮತ್ತೆ ಸೈಕಲ್ ಮುಟ್ಟಲಿಲ್ಲ, ಗಾಂಧಿ ಬಜಾರಿಗೆ ಹೋಗಲಿಲ್ಲ. ಅಣ್ಣನ ಮಾತು ಬಂದರೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದರು. ಅದನ್ನು ನೆಮ್ಮದಿ ಎನ್ನಬಹುದೇ, ನನಗೆ ಗೊತ್ತಿಲ್ಲ. ಮನೆಯವರೆಲ್ಲ ಹಾಗೇ ಎಂದರು. ನಾನೂ ಎಂದೆ.

ಆಮೇಲೆ ಅತ್ತಿಗೆಗೆ ಬಂದ ಕಾಯಿಲೆ ಹೊಟ್ಟೆಯಲ್ಲಿ ಶುರುವಾಗಿ ಬೇಗ ಹರಡಿತು. ಕೊನೆಯ ಬೆಳಗ್ಗೆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇದ್ದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಉಸಿರು ಎಳೆದು ಎಳೆದು, ಏರು ಹತ್ತುವವರ ಹಾಗೆ ಬರುತ್ತಿತ್ತು. ನರ್ಸ್ ನಾಡಿ ಹಿಡಿದು ನೋಡಿ ನನ್ನ ಕಡೆ ತಿರುಗಿದಳು.

"ಹೆಸರಿಡಿದು ಜೋರಾಗಿ ಕೂಗಿ ಮೇಡಂ. ಒಂದೊಂದ್ಸಲ ಕೇಳಿಸ್ಕೊಂಡು ಕಣ್ಣು ಬಿಡ್ತಾರೆ."

ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅವರ ಬೆನ್ನಿನ ಮೇಲೆ ಕೈಯಿಟ್ಟೆ. ಕೂಗಲಿಲ್ಲ.