ಭುಜದ ಮೇಲಿನ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಅಡುಗೆಮನೆಯಲ್ಲಿ ನಲ್ಲಿಯ ನೀರು ದಾರದಷ್ಟು ಸಣ್ಣಗೆ ಬೀಳುತ್ತಿದೆ. ಜೋರಾಗಿ ಬಿಟ್ಟರೆ ಒಳಗೆ ಮಲಗಿರುವ ಮಗಳಿಗೆ ಎಚ್ಚರವಾಗುತ್ತದೆ. ಅಪ್ಪ ಸಿಂಕಿನ ಮುಂದೆ ನಿಂತು ಒಂದೊಂದೇ ಬಾಟಲಿ ತುಂಬಿಸುತ್ತಾರೆ, ಮುಚ್ಚಳ ಬಿಗಿಯುತ್ತಾರೆ, ತಲೆಕೆಳಗು ಮಾಡಿ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಪಕ್ಕಕ್ಕಿಡುತ್ತಾರೆ. ಎರಡು ಬಾಟಲಿ ಸೈಕಲ್ಲಿಗೆ, ಮೂರು ಬೆನ್ನಿನ ಜೇಬುಗಳಿಗೆ. ಉಳಿದ ಮೂರನ್ನು ಅಂಗಿಯ ಕುತ್ತಿಗೆಯೊಳಗೆ ತುರುಕಿಕೊಳ್ಳುವಷ್ಟರಲ್ಲಿ ಹೊಟ್ಟೆ ಮುಂದೆ ಉಬ್ಬುತ್ತದೆ. ಸಿಟಿ ಬಸ್ ಓಡಿಸುವ ಹೆಂಡತಿ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ನೋಡುತ್ತಾರೆ.

"ಎಷ್ಟನೇ ತಿಂಗಳು?"

"ಇವತ್ತೋ ನಾಳೆಯೋ ಅನ್ನೋ ಹಾಗಿದೆ," ಎನ್ನುತ್ತಾರೆ ಗಂಡ, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುತ್ತಾ. ಕೆಳಮನೆಯವರು ಈತ ಹಾಲು ಮಾರುತ್ತಾರೆ ಎಂದೇ ಬಹಳ ದಿನ ಅಂದುಕೊಂಡಿದ್ದರಂತೆ.

ಇವರ ಕಸುಬು ಸೈಕಲ್ ರೇಸು. ದೊಡ್ಡ ತಂಡ, ದೊಡ್ಡ ರೇಸುಗಳು, ವಾರಗಟ್ಟಲೆ ಊರಿಂದೂರಿಗೆ ಸಾಗುವ ಸವಾರಿ. ಪ್ರತಿ ದಿನದ ಓಟಕ್ಕೂ ಒಬ್ಬ ಗೆದ್ದವನಿರುತ್ತಾನೆ, ಎಲ್ಲ ದಿನಗಳ ಸಮಯ ಕೂಡಿಸಿದಾಗ ಕಡಿಮೆ ಬಂದವನು ಒಟ್ಟು ರೇಸು ಗೆಲ್ಲುತ್ತಾನೆ. ಹದಿನಾಲ್ಕು ವರ್ಷದಿಂದ ಅಲ್ಲಿದ್ದರೂ ಇವರ ಕೆಲಸ ಗೆಲ್ಲುವುದಲ್ಲ. ತಂಡದಲ್ಲಿ ಗೆಲ್ಲಬೇಕಾದವನು ಒಬ್ಬ ನಾಯಕ. ಇವರು ಅವನ ಮುಂದೆ ಹೋಗಿ ಗಾಳಿಗೆ ಎದೆಯೊಡ್ಡಬೇಕು, ಅವನು ಬೆನ್ನ ಮರೆಯಲ್ಲಿ ಆರಾಮಾಗಿ ಬರುತ್ತಾನೆ. ಅವನಿಗೆ ಬಾಯಾರಿದರೆ ಹಿಂದೆ ಬರುತ್ತಿರುವ ತಂಡದ ಕಾರಿನವರೆಗೆ ಇಳಿದು, ಬಾಟಲಿ ತುಂಬಿಕೊಂಡು, ನೂರಾರು ಸವಾರರನ್ನು ದಾಟಿ ಮತ್ತೆ ಮುಂದೆ ಬರಬೇಕು. ಅದಕ್ಕೇ ಮುಂಜಾವಿನ ಅಭ್ಯಾಸವೂ ಹೊರೆ ಹೊತ್ತೇ ನಡೆಯುತ್ತದೆ. ತಂಡದವರು ಇಟ್ಟ ಹೆಸರು ನೀರಣ್ಣ. ಸ್ವಂತ ಹೆಸರು ಕರೆದರೆ ಈಗ ಅವರೇ ತಿರುಗಿ ನೋಡುವುದಿಲ್ಲ.

ಒಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆ ವೇಗದಲ್ಲಿ, ಆ ಗಾಳಿಯಲ್ಲಿ ಕೂಗಿದರೆ ಕೇಳಿಸದು. ಹಾಗಾಗಿ ಈ ತಂಡದಲ್ಲಿ ನಾಯಕ ಹಿಂದಿನಿಂದ ಬಂದು ನೀರಣ್ಣನ ಭುಜದ ಮೇಲೆ ಕೈ ಇಟ್ಟರೆ ನೀರು ಬೇಕು ಎಂದರ್ಥ. ನೀರಣ್ಣ ತಿರುಗಿ ನೋಡುವುದೂ ಇಲ್ಲ. ಬಲಗೈ ತಾನಾಗಿ ಬೆನ್ನಿನ ಜೇಬಿಗೆ ಹೋಗುತ್ತದೆ, ಬಾಟಲಿ ಹಿಂದಕ್ಕೆ ದಾಟುತ್ತದೆ. "ರೆಪ್ಪೆ ಬಡಿಯೋಕೆ ಯೋಚನೆ ಮಾಡ್ತೀವಾ? ಹಾಗೇ ಇದು," ಎನ್ನುತ್ತಾರೆ.

ಈಗ ಎರಡು ವರ್ಷದ ಹಿಂದಿನ ಒಂದು ಫೋಟೋಗೆ ಬರೋಣ. ಸೈಕಲ್ ರೇಸಿನ ಗಂಧಗಾಳಿ ಇಲ್ಲದವರೂ ಅದನ್ನು ಎಲ್ಲಾದರೂ ನೋಡಿರುತ್ತಾರೆ. ಬೆಟ್ಟದ ತುದಿಯಲ್ಲಿ ಆ ದಿನದ ಓಟ ಮುಗಿಯುವ ಗೆರೆ. ನೀರಣ್ಣನ ಚಕ್ರ ಮುಂದೆ, ನಾಯಕನದು ಅರ್ಧ ಚಕ್ರ ಹಿಂದೆ, ನಾಯಕನ ಕೈ ನೀರಣ್ಣನ ಭುಜದ ಮೇಲೆ. ಗೆದ್ದವರು ಎರಡೂ ಕೈ ಮೇಲೆತ್ತುವುದು ವಾಡಿಕೆ, ನೀರಣ್ಣ ಎತ್ತಿಲ್ಲ. ಅವರ ಬಲಗೈ ಬೆನ್ನ ಹಿಂದೆ ಎಲ್ಲೋ ಮರೆಯಾಗಿದೆ. ನಾಯಕ ದೊಡ್ಡ ಮನಸ್ಸು ಮಾಡಿ ಆ ದಿನದ ಗೆಲುವನ್ನು ಸೇವಕನಿಗೆ ಬಿಟ್ಟುಕೊಟ್ಟ, ತನ್ನದಲ್ಲದ ಗೆಲುವಿಗೆ ಕೈ ಎತ್ತಲು ಸೇವಕನಿಗೆ ಸಂಕೋಚವಾಯಿತು ಎಂದು ಜಗತ್ತು ಓದಿಕೊಂಡಿತು. ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ನಾಯಕನಿಗೆ ಕ್ರೀಡಾಸ್ಫೂರ್ತಿಯ ಪ್ರಶಸ್ತಿ ಬಂತು, ದೊಡ್ಡ ಗಾಜಿನ ಬೋಗುಣಿ. ಅದನ್ನು ವೇದಿಕೆಯ ಮೇಲೆ ನಾಯಕನ ಕೈಗೆ ಕೊಡಲು ಕರೆಸಿದ್ದು ಯಾರನ್ನು? ನೀರಣ್ಣನನ್ನೇ. ಬೋಗುಣಿ ಬಲು ಭಾರವಾಗಿತ್ತಂತೆ. ಹೊರುವುದು ಅವರಿಗೆ ಹೊಸದೇನಲ್ಲ.

ಗೆಲುವನ್ನು ಬಿಟ್ಟುಕೊಡುವ ಪದ್ಧತಿ ಈ ಆಟದಲ್ಲಿ ಇಲ್ಲ ಎಂದಲ್ಲ. ಒಬ್ಬನಿಗೆ ಒಟ್ಟು ರೇಸಿನ ಮುನ್ನಡೆ ದಕ್ಕುತ್ತದೆ, ಜೊತೆಗೆ ದುಡಿದವನಿಗೆ ಆ ದಿನದ ಗೆಲುವನ್ನು ಬಿಡುತ್ತಾನೆ. ಅದು ಚೆಂದದ ಪದ್ಧತಿ. ನೀರಣ್ಣ ಕಣ್ಣಾರೆ ಕಂಡಿದ್ದಾರೆ. "ಕೊಡೋನಿಗೆ ಕಾಲಲ್ಲಿ ಶಕ್ತಿ ಇರುತ್ತೆ, ಬೇಕಿದ್ರೆ ಮುಂದೆ ಹೋಗಬಹುದು, ಆದ್ರೂ ಹೋಗಲ್ಲ. ಅದಕ್ಕೆ ಕೊಟ್ಟದ್ದು ಅಂತಾರೆ. ನೋಡಿದ್ರೆ ನಮಗೂ ಕಣ್ಣು ತುಂಬುತ್ತೆ." ಸಿಟ್ಟು ಬರಬೇಕಾದ್ದು ಆ ಪದ್ಧತಿಯ ಮೇಲಲ್ಲ. ದುಡಿದವನ ಕೂಲಿಯನ್ನು ಭಿಕ್ಷೆ ಎಂದು ಕರೆದು, ಹಾಗೆ ಕರೆದವರೇ ದಾನಿಗಳೆನಿಸಿಕೊಳ್ಳುವುದರ ಮೇಲೆ.

ಆ ದಿನ ನಡೆದದ್ದು ಇಷ್ಟು. ಕೊನೆಯ ಬೆಟ್ಟದ ಬುಡದಿಂದ ನೀರಣ್ಣ ಮುಂದೆ, ನಾಯಕ ಅವರ ಹಿಂದೆ. ಎದುರಾಳಿ ತಂಡದ ಬಲಶಾಲಿಯನ್ನು ಹಿಂದೆ ಬಿಟ್ಟು ಬರಬೇಕಿತ್ತು, ಬಿಟ್ಟೂ ಬಂದರು. ಏರಿನಲ್ಲಿ ವೇಗ ಇಳಿದು ಮಾತು ಕೇಳಿಸುವಂತಿತ್ತು, ಅರ್ಧ ದಾರಿಯಲ್ಲಿ ಹಿಂದಿನಿಂದ "ನಿಧಾನ" ಎಂಬ ಸದ್ದು ಬಂತು. ನೀರಣ್ಣ ನಿಧಾನಿಸಿದರು. ಸ್ವಲ್ಪ ದೂರ ಹೋಗಿರಲಿಲ್ಲ, ಮತ್ತೆ "ನಿಧಾನ". ಮೂರನೇ ಸಲಕ್ಕೆ ಅದು ಮಾತಾಗಿರಲಿಲ್ಲ, ಬರೀ ಏದುಸಿರು. ಕಿವಿಯೊಳಗಿನ ಪುಟ್ಟ ರೇಡಿಯೋದಲ್ಲಿ, ಹಿಂದಿನ ಕಾರಿನಲ್ಲಿದ್ದ ತಂಡದ ಮೇಲ್ವಿಚಾರಕರ ಅಪ್ಪಣೆಯಾಯಿತು: ತುದಿ ಹತ್ತಿರ ಬಂತು, ಪಕ್ಕಕ್ಕೆ ಸರಿದು ನಾಯಕನನ್ನು ಮುಂದೆ ಬಿಡು, ಅವನೇ ಗೆಲ್ಲಲಿ.

"ಸರಿದೆ," ಎನ್ನುತ್ತಾರೆ ನೀರಣ್ಣ. "ಎಡಕ್ಕೆ ಸರಿದು ಹಿಂದೆ ನೋಡಿದೆ. ಬಾ ಅಂತ ತಲೆ ಆಡಿಸಿದೆ. ಪೆಡಲ್ ತುಳಿಯೋದನ್ನೇ ನಿಲ್ಲಿಸಿದೆ. ಬರೋಕೆ ಅವನ ಕೈಲಿ ಆಗ್ಲಿಲ್ಲ. ಇನ್ನೂ ನಿಧಾನ ಮಾಡಿದ್ರೆ ನಾನು ಸೈಕಲ್ಲಿಂದ ಬೀಳ್ತಿದ್ದೆ. ಏನ್ ಮಾಡ್ಲಿ, ಗೆದ್ದೆ."

ಟೀವಿಯಲ್ಲಿ ವಿವರಣೆ ಕೊಡುತ್ತಿದ್ದ ಮಹಾಶಯರು ಅದೇ ಹೊತ್ತಿಗೆ, ನೋಡಿ, ಹಿಂದೆ ತಿರುಗಿ ನಾಯಕನ ಅಪ್ಪಣೆ ಕೇಳುತ್ತಿದ್ದಾನೆ ಎಂದರು. ಗೆರೆಯ ಹತ್ತಿರ ನಾಯಕನ ಕೈ ಭುಜಕ್ಕೆ ಬಂತು. ನೀರಣ್ಣನ ಬಲಗೈ ಜೇಬಿಗೆ ಹೋಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ಗೆಲ್ಲುತ್ತಿದ್ದ ಆ ಗಳಿಗೆಯಲ್ಲೂ ಅವರು ಬಾಟಲಿ ಹುಡುಕುತ್ತಿದ್ದರು. ಕ್ಯಾಮೆರಾ ಇದ್ದದ್ದು ಮುಂದೆ, ಬಾಟಲಿ ಇದ್ದದ್ದು ಹಿಂದೆ. ನೋಡಿದವರಿಗೆ ವಿನಯ ಕಂಡಿತು.

ತಂಡದ ಸವಾರರ ಕಾಲು ತಿಕ್ಕುವ ಮಾಲೀಷಿನ ಹೆಂಗಸೊಬ್ಬರಿದ್ದಾರೆ. ಆಸ್ಪತ್ರೆಯ ಮಂಚದಂಥ ಮಡಚುವ ಮೇಜಿನ ಬಳಿ ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ಅವರು ಕೇಳುವ ಪ್ರಶ್ನೆಗೆ ಯಾವ ಪತ್ರಿಕೆಯೂ ಉತ್ತರ ಬರೆದಿಲ್ಲ. "ಆ ಸಂಜೆ ನಾಯಕನ ಕಾಲು ಹಿಡಿದೋಳು ನಾನು. ಮುಟ್ಟಿದ್ರೆ ಕಿರುಚ್ತಿದ್ದ, ಮೆಟ್ಟಿಲು ಹತ್ತೋಕೆ ಇಬ್ರು ಹಿಡ್ಕೋಬೇಕಾಯ್ತು. ಆ ಕಾಲಲ್ಲಿ ಬಿಟ್ಟುಕೊಡೋಕೆ ಏನಿತ್ತು ಅಂತ?"

ಮೇಲ್ವಿಚಾರಕರನ್ನು ಕೇಳಿದರೆ ಮಾತು ಜಾರಿಸುತ್ತಾರೆ. ಅಪ್ಪಣೆ ಕೊಟ್ಟದ್ದು ಹೌದು, ನಾಯಕನಿಂದ ಆಗಲಿಲ್ಲ ಎಂಬುದೂ ಹೌದು. "ಆದ್ರೆ ಈಗ್ಯಾಕೆ ಕೆದಕೋದು? ಕಥೆ ಚೆನ್ನಾಗಿದೆ. ಎಲ್ರಿಗೂ ಖುಷಿ ಇದೆ." ಎಲ್ಲರ ಲೆಕ್ಕದಲ್ಲಿ ನೀರಣ್ಣ ಇಲ್ಲ ಎಂಬುದು ಅವರಿಗೆ ಹೊಳೆದಂತಿಲ್ಲ. ನಾಯಕನೂ ಕೆಟ್ಟವನೇನಲ್ಲ. ನೀರಣ್ಣನಿಗಿಂತ ಬಹಳ ಚಿಕ್ಕವನು. ಗೆರೆ ದಾಟಿದ ಕೂಡಲೇ ಮೂತಿಗೆ ಮೈಕು ಹಿಡಿದು, ಬಿಟ್ಟುಕೊಟ್ಟಿರಲ್ಲವೇ ಎಂದು ಕೇಳಿದವರು ನಮ್ಮ ಪತ್ರಿಕಾ ಬಳಗದವರು. ಇಲ್ಲ ಎನ್ನಲು ಅವನಿಗೆ ಉಸಿರಿರಲಿಲ್ಲ. ಆಮೇಲೆ ಉಸಿರು ಬಂತು, ಬಾಯಿ ಮಾತ್ರ ಬರಲಿಲ್ಲ. ಎರಡು ವರ್ಷವಾಯಿತು, ಬೋಗುಣಿ ಅವನ ಮನೆಯ ಷೋಕೇಸಿನಲ್ಲಿದೆ.

ನೀರಣ್ಣ ಈ ಕಸುಬಿಗೆ ಬಂದದ್ದು ಅಕ್ಕನ ಗಂಡನ ಪಂಕ್ಚರ್ ಅಂಗಡಿಯಿಂದ. ರಿಪೇರಿಯಾದ ಸೈಕಲ್ಲನ್ನು ಒಂದು ಸುತ್ತು ಓಡಿಸಿ ನೋಡುವುದು ಭಾವ ಕೊಟ್ಟ ಕೆಲಸ. ಒಂದು ಸುತ್ತೆಂದು ಹೋದ ಹುಡುಗ ಪಕ್ಕದೂರು ಮುಟ್ಟಿ ಬರುತ್ತಿದ್ದ, ಗಿರಾಕಿಗಳು ಅಂಗಡಿ ಮುಂದೆ ಕಾದು ಕಾದು ಭಾವನ ಮೇಲೆ ಹರಿಹಾಯುತ್ತಿದ್ದರು. ಬೈದು ಸಾಕಾಗಿ ಭಾವನೇ ಒಂದು ಹಳೆಯ ರೇಸ್ ಸೈಕಲ್ ಜೋಡಿಸಿ ಕೊಟ್ಟರು. ಮುಂದಿನದು ಬೀಳುವುದು, ಏಳುವುದು. ಒಂದು ಸಲ ಕತ್ತಿನ ಬಳಿಯ ಮೂಳೆ ಮುರಿದಿತ್ತು, ನಾಯಕನಿಗೆ ಮಾರನೆಯ ದಿನ ಗಾಳಿಯ ಮರೆ ಬೇಕಾಗಿತ್ತು. ಪಟ್ಟಿ ಕಟ್ಟಿಕೊಂಡು ಹೊರಟರು. ಅದಕ್ಕೆ ಯಾವ ಬೋಗುಣಿಯೂ ಬರಲಿಲ್ಲ. ಸೈಕಲ್ ಏರಿದ್ದು ಕರ್ತವ್ಯವಂತೆ, ನಾಯಕ ಬೆಟ್ಟ ಏರಲಾಗದೆ ಹಿಂದುಳಿದದ್ದು ಔದಾರ್ಯವಂತೆ.

ಎರಡು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರೆ ಅವರು ಸೈಕಲ್ಲಿನ ಸರಪಳಿಯನ್ನು ಪೂರ್ತಿ ಒರೆಸಿ ಬಟ್ಟೆ ಕೆಳಗಿಡುತ್ತಾರೆ. "ಬಾಯಿ ಬಿಟ್ಟವರನ್ನ ಮುಂದಿನ ವರ್ಷ ಕರೆಯಲ್ಲ, ಅದೊಂದು. ಇನ್ನೊಂದು ಹೇಳಿದ್ರೆ ನಗ್ತೀರಿ. ಎಲ್ರೂ ಅದನ್ನೇ ಹೇಳಿ ಹೇಳಿ ನನಗೇ ಅನುಮಾನ ಬಂದುಬಿಡ್ತು. ಅವನು ನಿಜವಾಗ್ಲೂ ಕೊಟ್ನೇನೋ, ನನಗೇ ಗೊತ್ತಾಗ್ಲಿಲ್ವೇನೋ ಅಂತ."

ನಗು ಬರುವ ಮಾತಲ್ಲ ಇದು. ಒಬ್ಬ ಮನುಷ್ಯನ ಒಂದೇ ಒಂದು ಗೆಲುವನ್ನು ಅವನ ಮನಸ್ಸಿನೊಳಗಿಂದಲೂ ಕಿತ್ತುಕೊಂಡದ್ದಕ್ಕೆ ಕಳವು ಎನ್ನದೆ ಇನ್ನೇನೆನ್ನಬೇಕು? ಅದನ್ನೇ ಕ್ರೀಡಾಸ್ಫೂರ್ತಿ ಎಂದು ಮಕ್ಕಳಿಗೆ ಪಾಠ ಬೇರೆ ಮಾಡುತ್ತಿದ್ದೇವೆ. ನೀರಣ್ಣನ ಮಗಳು ಓದುವ ಶಾಲೆಯ ಗೋಡೆಗೂ ಆ ಫೋಟೋ ಬಂದಿದೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಗೆಲುವನ್ನು ಬಿಟ್ಟುಕೊಟ್ಟ ದೊಡ್ಡ ಮನಸ್ಸು' ಎಂದಿದೆ. ಕಳೆದ ವಾರ ಮಗಳು ಊಟದ ತಟ್ಟೆಯ ಮುಂದೆ ಕೂತು ಕೇಳಿದಳು: "ಅಪ್ಪಾ, ಅವರು ಕೊಡದೇ ಇದ್ದಿದ್ರೆ ನೀನು ಸೋತು ಹೋಗ್ತಿದ್ಯಾ?"

ಹೆಂಡತಿ ಗಂಡನ ಮುಖ ನೋಡಿದರು. "ಹೇಳ್ರೀ," ಎಂದರು. ನೀರಣ್ಣ ಎದ್ದು ಮಗಳ ಲೋಟಕ್ಕೆ ನೀರು ತುಂಬಿಸಿದರು.

ಅದರ ಬೆನ್ನಿಗೇ ಶಾಲೆಯಿಂದ ಕರೆ ಬಂತು. ಸೋಮವಾರ ಬಂದು ಮಕ್ಕಳ ಮುಂದೆ ನಾಲ್ಕು ಮಾತಾಡಬೇಕು, ವಿಷಯ 'ಪಡೆಯುವವರ ವಿನಯ'. ಸುದ್ದಿ ಹೇಗೋ ತಂಡದ ಕಚೇರಿಗೂ ಮುಟ್ಟಿತು. ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ಹೇಳಿಬಿಡಿ, ಮುಂದಿನ ವರ್ಷದ ಕರಾರಿಗೆ ಇನ್ನೂ ಸಹಿ ಆಗಿಲ್ಲ ಎಂದು ಅಲ್ಲಿಂದ ಜೇನಿನಂಥ ದನಿಯಲ್ಲಿ ಫೋನು ಬಂತು.

ಭಾನುವಾರ ಬೆಳಿಗ್ಗೆ ನೀರಣ್ಣ ಎಂದಿನಂತೆ ಬಾಟಲಿ ತುಂಬಿಕೊಂಡರು. ಆದರೆ ಈ ಸಲ ಮಗಳನ್ನೂ ಎಬ್ಬಿಸಿದರು. ಊರ ಹಿಂದಿನ ಗುಡ್ಡದ ರಸ್ತೆ ಕಡಿದಾಗಿದೆ. ಅಪ್ಪ ಮುಂದೆ, ಪುಟ್ಟ ಸೈಕಲ್ಲಿನಲ್ಲಿ ಮಗಳು ಹಿಂದೆ. ರಜೆಯಾದ್ದರಿಂದ ಅಮ್ಮನೂ ಹೊರಟಿದ್ದರು, ಸ್ಕೂಟರಿನಲ್ಲಿ, ಎಲ್ಲರಿಗಿಂತ ಹಿಂದೆ. ಈ ಪತ್ರಿಕೆಗೆ ಅವರು ಹೇಳಿದ್ದು ಹೀಗೆ: "ಮೊದಲ ತಿರುವಲ್ಲೇ ಅವಳು ನಿಧಾನ ಅಂದ್ಲು. ಇವರು ನಿಧಾನ ಮಾಡಿದ್ರು. ಎರಡನೇ ತಿರುವಲ್ಲಿ ಮತ್ತೆ ಅಂದ್ಲು. ತುದಿ ಹತ್ತಿರ ಬಂದಾಗ ಇವರು ಪಕ್ಕಕ್ಕೆ ಸರಿದು, ಬಾ, ನೀನೇ ಗೆಲ್ಲು ಅಂದ್ರು. ಅವಳಿಗೆ ಎಲ್ಲಾಗುತ್ತೆ, ಮುಖ ಕೆಂಪಗಾಗಿತ್ತು. ಹೇಗೋ ಪಕ್ಕಕ್ಕೆ ಬಂದು ಭುಜ ಹಿಡ್ಕೊಂಡ್ಲು."

ಮಗಳು ಭುಜದ ಮೇಲೆ ಕೈ ಇಟ್ಟಳು. ನೀರಣ್ಣನ ಬಲಗೈ ಬೆನ್ನಿನ ಜೇಬಿಗೆ ಹೋಯಿತು, ಬಾಟಲಿ ಹಿಂದಕ್ಕೆ ಬಂತು. ಮಗಳು ಸೈಕಲ್ ನಿಲ್ಲಿಸಿದಳು. ಬಾಟಲಿಯನ್ನು ನೋಡಿದಳು, ಅಪ್ಪನ ಕೈ ನೋಡಿದಳು, ಆಮೇಲೆ ಗಟಗಟನೆ ಅರ್ಧ ಬಾಟಲಿ ಕುಡಿದು ಬಾಯಿ ಒರೆಸಿಕೊಂಡಳು.

"ಅಪ್ಪಾ, ಆ ಫೋಟೋದಲ್ಲಿ ಅವರಿಗೆ ಬಾಯಾರಿಕೆ ಆಗಿತ್ತಾ?"

"ಹೂಂ ಮಗಳೇ."

"ಹಾಗಾದ್ರೆ ಕೊಡ್ತಿದ್ದೋನು ನೀನು."

ನೀರಣ್ಣ ರಸ್ತೆಯ ಬದಿಯ ತಡೆಗೋಡೆಯ ಮೇಲೆ ಕೂತುಬಿಟ್ಟರಂತೆ. ಎರಡು ವರ್ಷದಲ್ಲಿ ಅವರು ಅತ್ತದ್ದು ಅದೇ ಮೊದಲು, ಅದೂ ಸಣ್ಣಗೆ ಅಲ್ಲ ಎನ್ನುತ್ತಾರೆ ಹೆಂಡತಿ.

ಆ ಸಂಜೆ ಅಡುಗೆಮನೆಯಲ್ಲಿ ಬಾಟಲಿಗಳನ್ನು ತೊಳೆದು ಬೋರಲು ಹಾಕುತ್ತಾ ಅವರು ಹೇಳುತ್ತಾರೆ: "ನಾಳೆ ಹೋಗ್ತೀನಿ. ಭಾಷಣ ಬರಲ್ಲ ನಂಗೆ. ಎರಡು ಸೈಕಲ್ಲು, ಒಂದು ಬಾಟಲಿ ತಗೊಂಡು ಹೋಗ್ತೀನಿ. ಮಗಳು ಹಿಂದೆ ಬಂದು ಭುಜ ಮುಟ್ತಾಳೆ. ಮಕ್ಕಳು ನೋಡ್ತಾರೆ."

ಕರಾರು ಕೈತಪ್ಪಿದರೆ? ಒಗೆದ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ ತಲೆ ಎತ್ತದೆ ಉತ್ತರಿಸುತ್ತಾರೆ. "ನನ್ನ ಬಸ್ಸು ಇದ್ಯಲ್ಲ. ಇಷ್ಟು ವರ್ಷ ಅವರು ಗಾಳಿಗೆ ಮುಂದೆ ಹೋದ್ರು, ಸ್ವಲ್ಪ ದಿನ ನಾನು ಹೋಗ್ತೀನಿ."

ಶಾಲೆಯವರು ಆ ಫೋಟೋವನ್ನು ಗೋಡೆಯಿಂದ ಇಳಿಸಬೇಕೇ ಎಂದರೆ ನೀರಣ್ಣ ಬೇಡ ಎನ್ನುತ್ತಾರೆ. ನಾಯಕನ ಬೋಗುಣಿಯೂ ಅವನಲ್ಲೇ ಇರಲಿ, ಅದನ್ನು ವಾಪಸು ಹೊತ್ತು ತರುವುದು ಯಾರು ಎಂದು ನಗುತ್ತಾರೆ. ಕೊನೆಯ ಬಾಟಲಿಯ ಮುಚ್ಚಳ ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಾರೆ.

"ಫೋಟೋ ಅಲ್ಲೇ ಇರ್ಲಿ. ಕೆಳಗಿರೋ ಬರಹ ಅಳಿಸಿ, ನನ್ನ ಕಡೆಗೆ ಒಂದು ಬಾಣದ ಗುರುತು ಹಾಕಿ, 'ಗೆದ್ದವನು' ಅಂತ ಬರೀಲಿ. ಅಷ್ಟೇ ನಡೆದದ್ದು."